ಅಂಗಡಿಯ ಚಿತ್ರ ಬೇರೆ, ನಡುಮನೆಯ ಚಿತ್ರ ಬೇರೆ

ಅಜ್ಜಂಪುರದ ಹತ್ತಿರದ ಹಳ್ಳಿಯಲ್ಲಿ ನಮ್ಮ ಚಿಕ್ಕಪ್ಪನ ಮನೆ. ನಡುಮನೆಯ ಗೋಡೆಯಲ್ಲಿ ಟಿವಿಗೆಂದೇ ಒಂದು ಗೂಡು ಬಿಟ್ಟು ಕಟ್ಟಿಸಿದ್ದಾರೆ. 21 ಇಂಚಿನ ಡಬ್ಬಾ ಟಿವಿಯ ಕಾಲದ ಗೂಡು ಅದು. ಹೋದ ವರ್ಷ ಈರುಳ್ಳಿ ದುಡ್ಡು ಬಂದ ಮೇಲೆ ಹೊಸ ಟಿವಿ ತರೋಣ ಎಂದು ಹೊರಟಾಗ ಅವರ ಕೈಯಲ್ಲಿದ್ದದ್ದು ಹದಿನೈದು ಸಾವಿರ ರೂಪಾಯಿ, ತಲೆಯಲ್ಲಿದ್ದದ್ದು ಊರವರು ಹೇಳಿದ ಹತ್ತಾರು ಮಾತು. 'ಫೋರ್‌ಕೆ ತಗೋ, ಎಲ್ಲಾ ಚಾನೆಲ್ಲೂ ಕನ್ನಡಿ ಥರ ಬರುತ್ತೆ.' 'ದೊಡ್ಡ ಕಂಪನಿ ಆದ್ರೆ ಪ್ಯಾನಲ್ಲೂ ಅವರದ್ದೇ.' 'ಸ್ಟೆಬಿಲೈಸರ್ ಹಾಕಿದ್ರೆ ಸಿಡಿಲಿಗೂ ಹೆದರಬೇಕಾಗಿಲ್ಲ.' ಕಡೂರು, ಬೀರೂರು, ತರೀಕೆರೆಯ ಅಂಗಡಿಗಳ ಮುಂದೆ ಹತ್ತು ನಿಮಿಷ ನಿಂತರೂ ಇವೇ ಮಾತು ಕಿವಿಗೆ ಬೀಳುತ್ತವೆ. ಹೇಳುವವರು ನಂಬಿಯೇ ಹೇಳುತ್ತಾರೆ. ಆದರೆ ಹತ್ತು ವರ್ಷಕ್ಕೊಮ್ಮೆ, ಅದೂ ಒಂದು ಬೆಳೆಯ ದುಡ್ಡಿನಲ್ಲಿ ಟಿವಿ ಕೊಳ್ಳುವ ಮನೆಗೆ ಈ ನಂಬಿಕೆಗಳು ತುಂಬ ದುಬಾರಿ ಬೀಳುತ್ತವೆ.

'ಎಚ್‌ಡಿ ಟಿವಿ ತಂದರೆ ಎಲ್ಲ ಚಾನೆಲ್ಲೂ ಎಚ್‌ಡಿ'

ಎಲ್ಲಕ್ಕಿಂತ ಹೆಚ್ಚು ದುಡ್ಡು ಪೋಲಾಗುವುದು ಈ ಮಾತಿನಿಂದ. ಟಿವಿ ಚಿತ್ರವನ್ನು ಹುಟ್ಟಿಸುವುದಿಲ್ಲ, ಬಂದ ಚಿತ್ರವನ್ನು ತೋರಿಸುತ್ತದೆ. ಹಳೆಯ ಡಿಶ್ ಬಾಕ್ಸಿನಿಂದಲೋ ಕೇಬಲ್ಲಿನ ಮಾಮೂಲಿ ಬಾಕ್ಸಿನಿಂದಲೋ ಬರುವ ಸಾಧಾರಣ ಚಾನೆಲ್ಲಿನ ಚಿತ್ರದಲ್ಲಿ ಇರುವುದು ಹೆಚ್ಚೆಂದರೆ ಅಡ್ಡಕ್ಕೆ 720, ಉದ್ದಕ್ಕೆ 576 ಪಿಕ್ಸೆಲ್, ಅಂದರೆ ಒಟ್ಟು ಸುಮಾರು 4 ಲಕ್ಷ ಚುಕ್ಕೆ. ಫುಲ್ ಎಚ್‌ಡಿ ಪರದೆಯಲ್ಲಿ 1920ಕ್ಕೆ 1080ರಂತೆ ಸುಮಾರು 20 ಲಕ್ಷ ಚುಕ್ಕೆಗಳಿವೆ. ಫೋರ್‌ಕೆ ಪರದೆಯಲ್ಲಿ 3840ಕ್ಕೆ 2160ರಂತೆ ಸುಮಾರು 83 ಲಕ್ಷ. ಭಾಗಿಸಿ ನೋಡಿ: ಸಾಧಾರಣ ಚಾನೆಲ್ಲಿನ ಒಂದು ಚುಕ್ಕೆಗೆ ಫೋರ್‌ಕೆ ಪರದೆಯಲ್ಲಿ 20 ಚುಕ್ಕೆಯ ಜಾಗವಿದೆ. ಒಂದು ಹೊರಗಿನಿಂದ ಬರುತ್ತದೆ, ಉಳಿದ 19ನ್ನು ಟಿವಿ ತಾನೇ ಊಹಿಸಿ ತುಂಬಬೇಕು. ಒಳ್ಳೆಯ ಟಿವಿ ಚೆನ್ನಾಗಿ ಊಹಿಸುತ್ತದೆ, ಅಗ್ಗದ್ದು ಅಷ್ಟು ಚೆನ್ನಾಗಿ ಊಹಿಸುವುದಿಲ್ಲ. ಆಗಲೇ ಧಾರಾವಾಹಿಯವರ ಮುಖ ಮೇಣ ಬಳಿದಂತೆ ನುಣ್ಣಗೆ ಕಾಣುವುದು, ಕ್ರಿಕೆಟ್ಟಿನ ಹುಲ್ಲು ಹಸಿರು ಬಣ್ಣ ಮೆತ್ತಿದಂತೆ ಕಾಣುವುದು. 'ಹೊಸ ಟಿವಿಗಿಂತ ಹಳೇದೇ ಚೆನ್ನಾಗಿತ್ತು' ಎಂದು ಹಿರಿಯರು ಹೇಳಿದರೆ ಅದು ಹಳೆಯದರ ಮೇಲಿನ ಮೋಹವಷ್ಟೇ ಅಲ್ಲ, ಅವರ ಕಣ್ಣು ಸರಿಯಾಗಿಯೇ ನೋಡಿದೆ.

ಅಂಗಡಿಯಲ್ಲಿ ಹೀಗೆ ಕಾಣುವುದಿಲ್ಲ. ಅಲ್ಲಿ ಪೆನ್‌ಡ್ರೈವ್ ಹಾಕಿ ಫೋರ್‌ಕೆಯಲ್ಲಿ ತೆಗೆದ ಜಲಪಾತ, ಗಿಳಿ, ಹಣ್ಣು ಕತ್ತರಿಸುವ ದೃಶ್ಯ ಓಡಿಸುತ್ತಾರೆ. ಬಣ್ಣ, ಬೆಳಕು ಎಲ್ಲವನ್ನೂ ಪೂರ್ತಿ ಏರಿಸಿರುತ್ತಾರೆ. ಚಿಕ್ಕಪ್ಪನಿಗೂ ಆ ಗಿಳಿ ಬಹಳ ಹಿಡಿಸಿತು. ಆಗ ಅಂಗಡಿಯವರಿಗೆ ನಾವು ಒಂದೇ ಮಾತು ಕೇಳಿದೆವು: 'ಅಣ್ಣ, ಪೆನ್‌ಡ್ರೈವ್ ತೆಗೆದು ಚಂದನ ಹಾಕಿ. ಬಣ್ಣ ಸ್ಟ್ಯಾಂಡರ್ಡ್‌ಗೆ ಇಡಿ.' ಅವರೂ ಬೇಸರ ಪಡದೆ ಹಾಕಿದರು. ಸಾಲಾಗಿ ನಿಂತಿದ್ದ ಐದು ಟಿವಿಗಳ ನಡುವಿನ ವ್ಯತ್ಯಾಸ ಅರ್ಧಕ್ಕರ್ಧ ಅಲ್ಲೇ ಕರಗಿತು. ಹದಿನೆಂಟು ಸಾವಿರದ್ದಕ್ಕೂ ಹನ್ನೊಂದೂವರೆ ಸಾವಿರದ್ದಕ್ಕೂ ವಾರ್ತೆ ಓದುವವರ ಮುಖ ಹೆಚ್ಚುಕಡಿಮೆ ಒಂದೇ ಥರ.

ಹಾಗಾದರೆ ಎಚ್‌ಡಿ ಬರುವುದು ಹೇಗೆ? ಮೂರು ಬೇಕು: ಎಚ್‌ಡಿ ಬಾಕ್ಸ್, ಚಾನೆಲ್ಲಿನ ಎಚ್‌ಡಿ ರೂಪಕ್ಕೆ ಚಂದಾ, ಬಾಕ್ಸಿನಿಂದ ಟಿವಿಗೆ ಎಚ್‌ಡಿಎಂಐ ಕೇಬಲ್. ಉದಯ, ಕಲರ್ಸ್ ಕನ್ನಡ, ಜೀ ಕನ್ನಡ, ಸ್ಟಾರ್ ಸುವರ್ಣ ನಾಲ್ಕಕ್ಕೂ ಎಚ್‌ಡಿ ರೂಪವಿದೆ, ಆದರೆ ಅದನ್ನು ಬೇರೆಯಾಗಿ ಆರಿಸಿಕೊಳ್ಳಬೇಕು. ಎಷ್ಟೋ ಮನೆಗಳಲ್ಲಿ ಹೊಸ ಟಿವಿಗೆ ಹಳೆಯ ಕೆಂಪು-ಬಿಳಿ-ಹಳದಿ ವೈರನ್ನೇ ಸಿಕ್ಕಿಸಿರುವುದನ್ನು ನೋಡಿದ್ದೇನೆ. ಆ ಹಳದಿ ವೈರಿನಲ್ಲಿ ಎಚ್‌ಡಿ ಚಿತ್ರ ಹರಿಯುವುದೇ ಇಲ್ಲ. ಎಚ್‌ಡಿ ಬಾಕ್ಸ್ ಇದ್ದೂ ವರ್ಷಗಟ್ಟಲೆ ಸಾಧಾರಣ ಚಿತ್ರ ನೋಡುತ್ತಾ, ತಿಂಗಳು ತಿಂಗಳೂ ಎಚ್‌ಡಿ ದುಡ್ಡು ಕಟ್ಟುವ ಮನೆಗಳಿವೆ. ಇನ್ನು ಎಚ್‌ಡಿಎಂಐ ಕೇಬಲ್ಲಿಗೆ ಚಿನ್ನದ ಲೇಪನ ಬೇಕು, ಸಾವಿರ ರೂಪಾಯಿಯದ್ದೇ ಬೇಕು ಎಂಬುದೂ ಸುಳ್ಳು. ನಾಲ್ಕೈದು ಅಡಿ ದೂರಕ್ಕೆ ಇನ್ನೂರು-ಮುನ್ನೂರು ರೂಪಾಯಿಯ ಗಟ್ಟಿ ಕೇಬಲ್ ಅದೇ ಚಿತ್ರವನ್ನು ಕೊಡುತ್ತದೆ.

ಮಳೆ ಬಂದಾಗ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ಅದಕ್ಕೇ ಹೊಸ ಟಿವಿ ಬೇಕು ಎನ್ನುವವರು ತರೀಕೆರೆ ಕಡೆ, ಗುಡ್ಡದ ಬದಿಯ ಊರುಗಳಲ್ಲಿ ಹೆಚ್ಚು. ಅದು ಟಿವಿಯ ದೋಷವಲ್ಲ. ಉಪಗ್ರಹದಿಂದ ಬರುವ ಸಿಗ್ನಲ್ ದಟ್ಟ ಮಳೆಯಲ್ಲಿ ಸೊರಗುತ್ತದೆ. ಡಿಶ್ ಎದುರಿಗೆ ಅಡಿಕೆ ಗರಿ ಬೆಳೆದು ಅಡ್ಡ ಬಂದರೂ ಹಾಗೆಯೇ ಆಗುತ್ತದೆ. ಗರಿ ತೆಗೆಸಿ, ಡಿಶ್ ತಿರುಗಿಸಿ ಕೂರಿಸಿದರೆ ಹಳೆಯ ಟಿವಿಯೇ ಸರಿಹೋದೀತು.

'21 ಇಂಚಿನ ಜಾಗಕ್ಕೆ 24 ಸಾಕು, ದೊಡ್ಡದೇ ಆಯಿತಲ್ಲ'

ಚಿಕ್ಕಪ್ಪನ ಗೂಡಿನ ಸಮಸ್ಯೆ ಇದೇ ಆಗಿತ್ತು. ಇಂಚು ಎಂದರೆ ಪರದೆಯ ಒಂದು ಮೂಲೆಯಿಂದ ಎದುರಿನ ಮೂಲೆಗೆ ಅಳೆದದ್ದು. ಹಳೆಯ ಟಿವಿ ಹೆಚ್ಚುಕಡಿಮೆ ಚೌಕ, ಈಗಿನದು ಅಗಲ ಜಾಸ್ತಿ, ಎತ್ತರ ಕಡಿಮೆ. ಲೆಕ್ಕ ಹಾಕಿದರೆ ಹಳೆಯ 21 ಇಂಚಿನ ಪರದೆಯ ಎತ್ತರ ಸುಮಾರು 12.6 ಇಂಚು, ಹೊಸ 24 ಇಂಚಿನದರ ಎತ್ತರ 11.8 ಇಂಚು. ಹಳೆಯ ಪರದೆಯಲ್ಲಿ ತುಂಬಿಕೊಂಡಿರುತ್ತಿದ್ದ ಮುಖ ಹೊಸದರಲ್ಲಿ ಚಿಕ್ಕದಾಗುತ್ತದೆ. ಅಷ್ಟೇ ಎತ್ತರ ಬೇಕೆಂದರೆ 26 ಇಂಚು ಬೇಕು, ನಿಜಕ್ಕೂ ದೊಡ್ಡದಾಗಬೇಕೆಂದರೆ 32.

ಆದರೆ 32 ಇಂಚಿನ ಪರದೆಯ ಅಗಲವೇ 71 ಸೆಂಟಿಮೀಟರ್, ಸುತ್ತಿನ ಅಂಚು ಬೇರೆ. ಚಿಕ್ಕಮ್ಮ ಟೈಲರಿಂಗ್ ಟೇಪು ತಂದು ಗೂಡು ಅಳೆದರು: 68. ಟಿವಿ ಮನೆಗೆ ಬಂದ ಮೇಲೆ ಇದು ಗೊತ್ತಾಗಿದ್ದರೆ ಗೂಡು ಒಡೆಸಬೇಕಿತ್ತು. ಮೊದಲೇ ಅಳೆದದ್ದರಿಂದ, ಬಾಗಿಲ ಬೆಳಕು ನೇರ ಬೀಳದ ಪಕ್ಕದ ಗೋಡೆಗೆ ತೂಗುಹಾಕುವುದೆಂದು ತೀರ್ಮಾನವಾಯಿತು. ಗೂಡಿನಲ್ಲಿ ಈಗ ದೇವರ ಪಟವಿದೆ.

ದೊಡ್ಡ ಪರದೆಯಿಂದ ಕಣ್ಣು ಹೋಗುತ್ತದೆ ಎಂಬ ಭಯವನ್ನು ಬಿಡಿ. ಹತ್ತಿರ ಕೂತು ನೋಡಿದರೆ, ಕತ್ತಲೆ ಕೋಣೆಯಲ್ಲಿ ಕಣ್ಣು ಮಿಟುಕಿಸದೆ ನೋಡಿದರೆ ಕಣ್ಣು ದಣಿಯುತ್ತದೆ, ಉರಿಯುತ್ತದೆ. ದೃಷ್ಟಿ ಶಾಶ್ವತವಾಗಿ ಹಾಳಾಗುವುದಿಲ್ಲ. ಮಗು ಯಾವಾಗಲೂ ಪರದೆಗೆ ಅಂಟಿಕೊಂಡೇ ಕೂರುತ್ತಿದ್ದರೆ ಕಣ್ಣು ಪರೀಕ್ಷೆ ಮಾಡಿಸಿ. ದೂರದ್ದು ಕಾಣದೆಯೇ ಹತ್ತಿರ ಹೋಗುತ್ತಿರಬಹುದು.

ಫೋರ್‌ಕೆ ಬೇಕೇ ಎಂಬ ಪ್ರಶ್ನೆಗೂ ಉತ್ತರ ಟೇಪಿನಲ್ಲೇ ಇದೆ. ಆರೋಗ್ಯವಂತ ಕಣ್ಣಿಗೆ ಎಷ್ಟು ಸಣ್ಣ ಚುಕ್ಕೆ ಬೇರೆಯಾಗಿ ಕಂಡೀತು ಎಂಬುದಕ್ಕೆ ಒಂದು ಮಿತಿಯಿದೆ. ಆ ಲೆಕ್ಕದಲ್ಲಿ 43 ಇಂಚಿನ ಫುಲ್ ಎಚ್‌ಡಿ ಪರದೆಯ ಚುಕ್ಕೆಗಳು ಸುಮಾರು ಐದೂವರೆ ಅಡಿಗಿಂತ ಹಿಂದೆ ಕೂತವರಿಗೆ ಬಿಡಿಬಿಡಿಯಾಗಿ ಕಾಣುವುದಿಲ್ಲ. ಅದೇ ಅಳತೆಯ ಫೋರ್‌ಕೆಯ ಪೂರ್ತಿ ಸೊಗಸು ಸವಿಯಬೇಕೆಂದರೆ ಮೂರು ಅಡಿಗೆ ಬರಬೇಕು. 32 ಇಂಚಿನ ಎಚ್‌ಡಿ ರೆಡಿ, ಅಂದರೆ ಫುಲ್ ಎಚ್‌ಡಿಗಿಂತ ಕಡಿಮೆ ಚುಕ್ಕೆಯ ಪರದೆಗೂ ಆರು ಅಡಿ ದಾಟಿದರೆ ಸಾಕು. ನಮ್ಮ ಚಿಕ್ಕಪ್ಪನ ಕುರ್ಚಿ ಗೋಡೆಯಿಂದ ಹನ್ನೊಂದು ಅಡಿ ದೂರದಲ್ಲಿದೆ. ಆ ದೂರಕ್ಕೆ ದುಡ್ಡು ಹಾಕಬೇಕಾದದ್ದು ಚುಕ್ಕೆಯ ಸಂಖ್ಯೆಯ ಮೇಲಲ್ಲ, ಪರದೆಯ ಅಳತೆಯ ಮೇಲೆ. 32ರಿಂದ 43ಕ್ಕೆ ಹೋದರೆ ಪರದೆಯ ವಿಸ್ತಾರ ಶೇ. 80ರಷ್ಟು ಹೆಚ್ಚುತ್ತದೆ, ಕೊನೆಯ ಸಾಲಿನಲ್ಲಿ ಕೂತ ಅಜ್ಜಿಗೂ ಅದು ಗೊತ್ತಾಗುತ್ತದೆ. ಇಪ್ಪತ್ತು-ಇಪ್ಪತ್ತೈದು ಸಾವಿರ ಇದ್ದವರು 43 ನೋಡಲಿ. ಈಗ ಆ ಅಳತೆಯಲ್ಲಿ ಫೋರ್‌ಕೆಯೇ ಹೆಚ್ಚಾಗಿ ಸಿಗುತ್ತದೆ, ಸಿಕ್ಕರೆ ಬೇಡವೆನ್ನಬೇಕಿಲ್ಲ. ಅದಕ್ಕೆಂದೇ ಹೆಚ್ಚು ದುಡ್ಡು ಕೊಡಬೇಡಿ, ಅಷ್ಟೇ.

ಇಲ್ಲಿ ತೆರಿಗೆಯ ಮಾತೊಂದು. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. 'ಟಿವಿ ಎಲ್ಲಾ ಅಗ್ಗ ಆಗಿವೆ' ಎನ್ನುವುದು ಪೂರ್ತಿ ನಿಜವಲ್ಲ. 32 ಇಂಚಿಗೆ 2019ರಿಂದಲೂ ಶೇ. 18ರ ತೆರಿಗೆಯೇ ಇತ್ತು, ಅದರಲ್ಲಿ ಬದಲಾವಣೆ ಇಲ್ಲ. ಇಳಿಕೆಯ ಲಾಭ ಇರುವುದು 40, 43ರಿಂದ ಮೇಲೆ.

'ದೊಡ್ಡ ಕಂಪನಿ ಆದರೆ ಪ್ಯಾನಲ್ ಅವರದ್ದೇ'

ಜಗತ್ತಿನಲ್ಲಿ ಎಲ್‌ಸಿಡಿ ಪ್ಯಾನಲ್ ಮಾಡುವ ಕಂಪನಿಗಳು ಬೆರಳೆಣಿಕೆಯಷ್ಟು, ಬಹುಪಾಲು ಚೀನಾದಲ್ಲಿವೆ. ಸ್ಯಾಮ್‌ಸಂಗ್ ಎಲ್‌ಸಿಡಿ ಪ್ಯಾನಲ್ ತಯಾರಿಕೆಯನ್ನೇ 2022ರಲ್ಲಿ ನಿಲ್ಲಿಸಿತು. ಹೆಸರುವಾಸಿ ಟಿವಿಯ ಒಳಗೂ ಅಷ್ಟೇನೂ ಹೆಸರಿಲ್ಲದ ಟಿವಿಯ ಒಳಗೂ ಒಂದೇ ಕಾರ್ಖಾನೆಯ ಗಾಜು ಇರುವುದುಂಟು. ಎಲ್‌ಇಡಿ ಎಂದು ಮಾರುವುದೂ ಎಲ್‌ಸಿಡಿಯೇ, ಹಿಂದೆ ಬೆಳಕಿಗೆ ಎಲ್‌ಇಡಿ ಇಟ್ಟಿರುತ್ತಾರೆ. ಕ್ಯೂಎಲ್‌ಇಡಿಯೂ ಅದರದ್ದೇ ಸುಧಾರಿತ ರೂಪ. ಪ್ರತಿ ಚುಕ್ಕೆಯೂ ತಾನೇ ಬೆಳಗುವ ಓಎಲ್‌ಇಡಿ ಮಾತ್ರ ಬೇರೆ ಜಾತಿ, ಈ ಬಜೆಟ್ಟಿಗೆ ಅದು ಬರುವುದಿಲ್ಲ.

ಹಾಗೆಂದು ಹೆಸರೇ ಇಲ್ಲದ್ದನ್ನು ತನ್ನಿ ಎನ್ನುತ್ತಿಲ್ಲ. ಹೆಸರಿಗೆ ಕೊಡುವ ದುಡ್ಡು ಗಾಜಿಗಲ್ಲ, ಕೆಟ್ಟಾಗ ಮನೆಗೆ ಬರುವ ಮೆಕ್ಯಾನಿಕ್ಕಿಗೆ. ಕಡೂರಿನಿಂದ ಚಿಕ್ಕಮಗಳೂರಿಗೆ ಸುಮಾರು 40 ಕಿಲೋಮೀಟರ್, ತರೀಕೆರೆಯವರಿಗೆ ಶಿವಮೊಗ್ಗ. ಟಿವಿಯನ್ನು ಬಸ್ಸಿನಲ್ಲಿ ಹೊತ್ತುಕೊಂಡು ಹೋಗಲು ಆಗುವುದಿಲ್ಲ. ಆದ್ದರಿಂದ ಕೊಳ್ಳುವ ಮೊದಲೇ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ ನಿಮ್ಮ ಊರಿನ ಪಿನ್‌ಕೋಡ್ ಹೇಳಿ, 'ನಮ್ಮ ಮನೆಗೆ ಬಂದು ರಿಪೇರಿ ಮಾಡುತ್ತೀರಾ, ಎಲ್ಲಿಂದ ಬರುತ್ತೀರಿ' ಎಂದು ಕೇಳಿ. ಸ್ಪಷ್ಟ ಉತ್ತರ ಕೊಡುವವರ ಟಿವಿ ಕೊಳ್ಳಿ. ಜಿಎಸ್‌ಟಿ ಬಿಲ್ಲು, ಅದರಲ್ಲಿ ಸೀರಿಯಲ್ ನಂಬರು ತಪ್ಪದೆ ಪಡೆಯಿರಿ. ತಕರಾರು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದಾಗಲೂ, ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದಾಗಲೂ ಮೊದಲು ಕೇಳುವುದು ಆ ಬಿಲ್ಲನ್ನೇ.

ಸ್ಮಾರ್ಟ್ ಟಿವಿಯ ಬಗ್ಗೆ ಎರಡು ಮಾತು ಸಾಕು. 'ಮೊಬೈಲ್ ಡೇಟಾದಲ್ಲೇ ಸಿನಿಮಾ ನೋಡಬಹುದು' ಎನ್ನುತ್ತಾರೆ. ನೆಟ್‌ಫ್ಲಿಕ್ಸ್ ಹೇಳುವಂತೆಯೇ ಎಚ್‌ಡಿಯಲ್ಲಿ ಗಂಟೆಗೆ 3 ಜಿಬಿವರೆಗೆ, ಫೋರ್‌ಕೆಯಲ್ಲಿ 7 ಜಿಬಿವರೆಗೆ ಖರ್ಚಾಗುತ್ತದೆ. ದಿನಕ್ಕೆ ಎರಡು ಜಿಬಿಯ ಪ್ಲಾನಿನಲ್ಲಿ ಇಂಟರ್‌ವಲ್‌ಗೆ ಮುಂಚೆಯೇ ಡೇಟಾ ಮುಗಿಯುತ್ತದೆ. ಊರಿಗೆ ಫೈಬರ್ ಬಂದಿಲ್ಲವೆಂದರೆ ಸ್ಮಾರ್ಟ್ ಎಂಬುದಕ್ಕೆ ಹೆಚ್ಚು ಕೊಡಬೇಡಿ. ಬಂದ ದಿನ ಟಿವಿಯನ್ನು ಸ್ಮಾರ್ಟ್ ಮಾಡುವ ಸ್ಟಿಕ್ ಒಂದನ್ನು ಸಿಕ್ಕಿಸಿಕೊಂಡರಾಯಿತು. ಇನ್ನೊಂದು: ತೀರಾ ಅಗ್ಗದ ಕೆಲವು ಟಿವಿಗಳಲ್ಲಿ ಗೂಗಲ್‌ನ ಮಾನ್ಯತೆಯಿಲ್ಲದ ಆಂಡ್ರಾಯ್ಡ್ ಇರುತ್ತದೆ. ಕೆಲವು ಆ್ಯಪ್ ತೆರೆಯುವುದೇ ಇಲ್ಲ, ತೆರೆದರೂ ಎಚ್‌ಡಿ ಕೊಡುವುದಿಲ್ಲ.

'ದೊಡ್ಡ ಟಿವಿ ತಂದರೆ ಗೃಹಜ್ಯೋತಿಯ ಉಚಿತ ಕರೆಂಟ್ ಕೈತಪ್ಪುತ್ತದೆ' ಎಂಬ ಭಯ ಚಿಕ್ಕಮ್ಮನಿಗಿತ್ತು. 32 ಇಂಚಿನದು ಸುಮಾರು 50 ವ್ಯಾಟ್, ದಿನಕ್ಕೆ ಐದು ಗಂಟೆ ಹಾಕಿದರೆ ತಿಂಗಳಿಗೆ ಏಳೂವರೆ ಯೂನಿಟ್. 43 ಇಂಚಿನದು 80 ವ್ಯಾಟ್ ಎಂದುಕೊಂಡರೂ 12 ಯೂನಿಟ್. ಅವರ ಹಳೆಯ ಡಬ್ಬಾ ಟಿವಿಯೂ ಹೆಚ್ಚುಕಡಿಮೆ ಇಷ್ಟೇ ತಿನ್ನುತ್ತಿತ್ತು.

'ಬಡ್ಡಿಯಿಲ್ಲದ ಕಂತು' ಎಂಬ ಬೋರ್ಡು ನೋಡಿ ಮಾತ್ರ ಬಜೆಟ್ ಮೀರಬೇಡಿ. ಶೂನ್ಯ ಬಡ್ಡಿ ಎಂಬ ಕಲ್ಪನೆಯೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಬಡ್ಡಿ ಎಲ್ಲಿಗೂ ಹೋಗಿರುವುದಿಲ್ಲ, ಪ್ರೋಸೆಸಿಂಗ್ ಫೀಯಲ್ಲೋ ಕೈಬಿಟ್ಟ ರಿಯಾಯಿತಿಯಲ್ಲೋ ಸೇರಿರುತ್ತದೆ. ನಗದು ಕೊಟ್ಟರೆ ಎಷ್ಟಕ್ಕೆ ಕೊಡುತ್ತೀರಿ ಎಂದು ಕೇಳಿ, ಕಂತುಗಳ ಮೊತ್ತದ ಪಕ್ಕದಲ್ಲಿಟ್ಟು ನೋಡಿ.

'ಸ್ಟೆಬಿಲೈಸರ್ ಇದ್ದರೆ ಸಿಡಿಲಿನ ಭಯವಿಲ್ಲ'

ನನಗೆ ನಿಜಕ್ಕೂ ಆತಂಕ ಹುಟ್ಟಿಸುವ ನಂಬಿಕೆ ಇದು. ಈಗಿನ ಬಹುತೇಕ ಟಿವಿಗಳ ಹಿಂದೆ 100ರಿಂದ 240 ವೋಲ್ಟ್ ಎಂದು ಬರೆದಿರುತ್ತದೆ. ಸಂಜೆ ಹೊತ್ತು ಕರೆಂಟ್ ಡಲ್ ಆದರೆ ಅವುಗಳಿಗೆ ತೊಂದರೆಯಿಲ್ಲ, ಸ್ಟೆಬಿಲೈಸರ್ ಇಲ್ಲದೆಯೂ ನಡೆಯುತ್ತವೆ. ಅಪಾಯ ಇರುವುದು ಮೇಲಕ್ಕೆ ಏರುವ ವೋಲ್ಟೇಜಿನಲ್ಲಿ. ಟಿಸಿಯಿಂದ ಬರುವ ನ್ಯೂಟ್ರಲ್ ತಂತಿ ಗಾಳಿಗೆ ಕಿತ್ತುಹೋದರೆ 230 ವೋಲ್ಟ್ ಬರಬೇಕಾದ ಮನೆಗೆ 400ರ ಹತ್ತಿರ ನುಗ್ಗಬಹುದು. ಅದಕ್ಕೆ ಹೆಚ್ಚು ವೋಲ್ಟೇಜಿಗೆ ತಾನಾಗಿ ಕಡಿತಗೊಳ್ಳುವ ಸಾಧನ ಬೇಕು, ಮನೆಗೆ ಸರಿಯಾದ ಅರ್ಥಿಂಗ್ ಬೇಕು. ಸಿಡಿಲಿನ ಮುಂದೆ ಇವು ಯಾವುವೂ ನಿಲ್ಲುವ ಭರವಸೆಯಿಲ್ಲ.

ಅದೂ ಅಲ್ಲದೆ ಸಿಡಿಲು ಕರೆಂಟಿನ ದಾರಿಯಲ್ಲೇ ಬರಬೇಕೆಂದಿಲ್ಲ. ಚಾವಣಿಯ ಮೇಲಿನ ಡಿಶ್‌ನಿಂದ ಕೇಬಲ್ ಹಿಡಿದು ಬಾಕ್ಸಿಗೆ, ಬಾಕ್ಸಿನಿಂದ ಎಚ್‌ಡಿಎಂಐ ಮೂಲಕ ಟಿವಿಯ ಬೋರ್ಡಿಗೆ ಇಳಿಯುತ್ತದೆ. ಪ್ಲಗ್ ಕಿತ್ತಿಟ್ಟಿದ್ದರೂ ಟಿವಿ ಸುಟ್ಟ ಮನೆಗಳಲ್ಲಿ ಆಗಿರುವುದು ಇದೇ. ಸಿಡಿಲಿನ ಹಾನಿ ಸಾಮಾನ್ಯವಾಗಿ ವಾರಂಟಿಗೆ ಸೇರುವುದಿಲ್ಲ. ಮೋಡ ಕಪ್ಪಾಗುತ್ತಿರುವಾಗಲೇ ಸ್ವಿಚ್ ಆರಿಸಿ ಪ್ಲಗ್ ಕೀಳಬೇಕು, ಬಾಕ್ಸಿನ ಹಿಂದಿನ ಡಿಶ್ ಕೇಬಲ್ ತಿರುಗಿಸಿ ಬಿಚ್ಚಿ ದೂರ ಇಡಬೇಕು. ಗುಡುಗು ಶುರುವಾದ ಮೇಲೆ ಆ ಕೇಬಲ್ ಮುಟ್ಟಲು ಹೋಗಬೇಡಿ. ಟಿವಿ ಹೋದರೆ ಹೋಗಲಿ.

ಚಿಕ್ಕಪ್ಪ ಕೊನೆಗೆ ತಂದದ್ದು ಹನ್ನೊಂದೂವರೆ ಸಾವಿರದ 32 ಇಂಚಿನ ಎಚ್‌ಡಿ ರೆಡಿ ಟಿವಿ. ಉಳಿದ ದುಡ್ಡಿನಲ್ಲಿ ಎಚ್‌ಡಿ ಬಾಕ್ಸ್, ಒಂದು ಎಚ್‌ಡಿಎಂಐ ಕೇಬಲ್, ಅರ್ಥಿಂಗ್ ಸರಿಮಾಡಿಸಿದ ಕೂಲಿ ಎಲ್ಲ ಆಯಿತು. ಈ ಸಲ ಅಶ್ವಿನಿ ಮಳೆಯ ಹೊತ್ತಿಗೆ ನಾನು ಅಲ್ಲಿದ್ದೆ. ಮಧ್ಯಾಹ್ನ ಮೂರರ ಹೊತ್ತಿಗೆ ಪಡುವಣ ದಿಕ್ಕು ಕಪ್ಪಾಯಿತು. ಅಂಗಳದಲ್ಲಿ ಒಣಹಾಕಿದ್ದ ಹಪ್ಪಳ ಎತ್ತುವ ಮೊದಲೇ ಚಿಕ್ಕಮ್ಮ ಒಳಗೆ ಬಂದು ಪ್ಲಗ್ ಕಿತ್ತರು, ಡಿಶ್ ಕೇಬಲ್ ಬಿಚ್ಚಿ ಕಿಟಕಿಯಾಚೆ ಬಿಟ್ಟರು, ಆಮೇಲೆ ಹಪ್ಪಳದ ಚಾಪೆ ಮಡಚಲು ಓಡಿದರು.