ನಗೆ ಆರಿದ ಮೇಲೂ ಉಳಿಯುವ ಹಾಡು

ರಾಕ್ ಸಂಗೀತದ ರಸಿಕರು ತಮ್ಮ ಮೆಚ್ಚಿನ ಹಾಡುಗಳನ್ನು ಕುರಿತು ಮಾತಿಗೆ ಕುಳಿತಾಗ ಸುಲಭವಾಗಿ ಒಮ್ಮತ ಮೂಡದ ವಿಷಯಗಳಲ್ಲಿ ಹಾಸ್ಯ ರಾಕ್ ಒಂದು. ವಿದ್ಯುತ್ ಗಿಟಾರ್, ಬೇಸ್ ಗಿಟಾರ್ ಮತ್ತು ಡ್ರಮ್‌ಗಳ ಬಲದಿಂದ 1950ರ ದಶಕದ ಅಮೆರಿಕದಲ್ಲಿ ಬೆಳೆದುನಿಂತ ರಾಕ್‌ನ ವಾದ್ಯಗಳನ್ನೂ ಅಬ್ಬರವನ್ನೂ ಹಾಗೆಯೇ ಇಟ್ಟುಕೊಂಡು, ಕೇಳುಗರನ್ನು ನಗಿಸಲೆಂದೇ ಕಟ್ಟಿದ ಹಾಡುಗಳಿಗೆ ಈ ಹೆಸರು ಸಲ್ಲುತ್ತದೆ. ಒಮ್ಮೆ ಕೇಳಿದ ನಗೆಹನಿ ಎರಡನೆಯ ಸಲ ಸಪ್ಪೆಯಾಗುವಂತೆ ಈ ಹಾಡುಗಳೂ ಬೇಗ ಹಳಸುತ್ತವೆ ಎಂಬುದು ಒಂದು ಪಕ್ಷದ ವಾದವಾದರೆ, ಮೂವತ್ತು ನಲವತ್ತು ವರ್ಷಗಳಾದರೂ ಇವುಗಳ ಗುಂಗಿನಿಂದ ಹೊರಬರದವರು ಮತ್ತೊಂದು ಪಕ್ಷ. ನಗೆ ಆರಿದ ಮೇಲೆ ಹಾಡನ್ನು ಎತ್ತಿಹಿಡಿಯುವುದು ಯಾವುದು ಎಂಬ ಪ್ರಶ್ನೆ ಈ ಭಿನ್ನಮತದ ತಳದಲ್ಲಿದೆ. ಈ ಪ್ರಕಾರದ ಹಿರಿಯ ಕಲಾವಿದರ ಕೃತಿಗಳನ್ನು ಕಿವಿಗೊಟ್ಟು ಕೇಳಿದಾಗ ದೊರೆಯುವ ಉತ್ತರವೆಂದರೆ, ಸಂಗೀತದ ಕಸುಬು ಗಟ್ಟಿಯಾಗಿರುವಲ್ಲಿ ಮಾತ್ರ ಹಾಸ್ಯ ಬಾಳುತ್ತದೆ.

ಅಣಕದ ಬಗೆಗಳು

ಹಾಸ್ಯ ರಾಕ್‌ನಲ್ಲಿ ಸ್ಥೂಲವಾಗಿ ಮೂರು ಬಗೆಗಳನ್ನು ಗುರುತಿಸಬಹುದು. ಜನಪ್ರಿಯ ಹಾಡೊಂದರ ಮಟ್ಟನ್ನು ಹಾಗೆಯೇ ಉಳಿಸಿಕೊಂಡು ಬೇರೆ ಸಾಹಿತ್ಯ ಹೊಂದಿಸುವುದು ಅಣಕುಗೀತೆ. ಯಾವುದೇ ಒಂದು ಹಾಡನ್ನು ಅನುಸರಿಸದೆ, ಒಂದು ತಂಡದ ಒಟ್ಟಾರೆ ಧಾಟಿಯನ್ನು ಹಿಡಿದು ಹೊಸ ಮಟ್ಟಿನಲ್ಲಿ ರಚಿಸುವುದು ಶೈಲಿಯ ಅಣಕ. ಯಾವ ಮೂಲದ ಆಸರೆಯೂ ಇಲ್ಲದೆ ಸಾಹಿತ್ಯ ಮತ್ತು ಸಂಗೀತಗಳೆರಡರಲ್ಲೂ ತನ್ನದೇ ಹಾಸ್ಯವನ್ನು ಸೃಷ್ಟಿಸುವುದು ಮೂರನೆಯ ಬಗೆ. ಭರತನ ನಾಟ್ಯಶಾಸ್ತ್ರವು ಶೃಂಗಾರದ ಅನುಕರಣೆಯಿಂದ ಹಾಸ್ಯ ಹುಟ್ಟುತ್ತದೆ ಎಂದು ಹೇಳಿ, ಮುಗುಳುನಗೆಯಾದ ಸ್ಮಿತದಿಂದ ಹಿಡಿದು ಮೈಮರೆತ ನಗುವಾದ ಅತಿಹಸಿತದವರೆಗೆ ಆರು ಮೆಟ್ಟಿಲುಗಳನ್ನು ಎಣಿಸುತ್ತದೆ. ಅನುಕರಣೆಯೇ ಹಾಸ್ಯದ ಬೀಜ ಎಂಬ ಆ ಮಾತು ರಾಕ್‌ನ ವಿಷಯದಲ್ಲೂ ಸಲ್ಲುತ್ತದೆ. ಏಕೆಂದರೆ ಅನುಕರಿಸಬೇಕಾದರೆ ಮೊದಲು ಮೂಲವು ಕರಗತವಾಗಿರಬೇಕು.

ಇದಕ್ಕೆ ಬ್ರಿಟನ್ನಿನ ನೀಲ್ ಇನ್ನೆಸ್ ಅವರ ಕೆಲಸ ಉತ್ತಮ ನಿದರ್ಶನ. 1968ರಲ್ಲಿ ಬೊನ್ಜೊ ಡಾಗ್ ಬ್ಯಾಂಡ್ ಎಂಬ ವಿನೋದಪ್ರಿಯ ತಂಡಕ್ಕಾಗಿ ಅವರು ಬರೆದ 'ಐ ಆ್ಯಮ್ ದಿ ಅರ್ಬನ್ ಸ್ಪೇಸ್‌ಮನ್' ಬ್ರಿಟನ್ನಿನ ಜನಪ್ರಿಯತಾ ಪಟ್ಟಿಯಲ್ಲಿ 5ನೆಯ ಸ್ಥಾನಕ್ಕೆ ಏರಿತ್ತು. ಅದರ ನಿರ್ಮಾಣದಲ್ಲಿ ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಸುಳ್ಳು ಹೆಸರಿನಲ್ಲಿ ಪಾಲ್ಗೊಂಡಿದ್ದರು. ಹತ್ತು ವರ್ಷಗಳ ಬಳಿಕ, 1978ರಲ್ಲಿ, ಹಾಸ್ಯನಟ ಎರಿಕ್ ಐಡಲ್ ಜೊತೆ ಸೇರಿ ಇನ್ನೆಸ್ ಅವರು ಬೀಟಲ್ಸ್ ತಂಡವನ್ನೇ ಅಣಕಿಸುವ ರಟಲ್ಸ್ ಎಂಬ ಕಾಲ್ಪನಿಕ ತಂಡವನ್ನು ದೂರದರ್ಶನ ಚಿತ್ರವೊಂದರಲ್ಲಿ ತೆರೆಗೆ ತಂದರು. ಆ ತಂಡಕ್ಕಾಗಿ ಇನ್ನೆಸ್ ಬರೆದ ಹಾಡುಗಳು ಮೂಲದ ಧಾಟಿಗೆ ಎಷ್ಟು ಹತ್ತಿರವಾಗಿದ್ದವೆಂದರೆ, ಬೀಟಲ್ಸ್ ಹಾಡುಗಳ ಹಕ್ಕುದಾರರು ತಕರಾರು ತೆಗೆದು, ಇನ್ನೆಸ್ ತಮಗೆ ಬರಬೇಕಾದ ಸಂಭಾವನೆಯಲ್ಲಿ ಪಾಲು ಬಿಟ್ಟುಕೊಡಬೇಕಾಯಿತು. ಅವರ ಅನುಕರಣೆಯ ನೈಪುಣ್ಯಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಬೆರಳ ಸನ್ನೆಯ ಹಿಂದಿನ ಶಿಸ್ತು

ಮೂರನೆಯ ಬಗೆಯ ಹಾಸ್ಯದಲ್ಲಿ ಫ್ರಾಂಕ್ ಜಪ್ಪಾ ಅವರದು ಬಹು ಎತ್ತರದ ಸ್ಥಾನ. 1940ರಲ್ಲಿ ಬಾಲ್ಟಿಮೋರ್‌ನಲ್ಲಿ ಹುಟ್ಟಿ 1993ರಲ್ಲಿ ತೀರಿಕೊಂಡ ಜಪ್ಪಾ, ಎಡ್ಗಾರ್ ವಾರೇಜ್ ಅವರಂಥ ಆಧುನಿಕ ಪಾಶ್ಚಾತ್ಯ ಶಾಸ್ತ್ರೀಯ ಸಂಯೋಜಕರನ್ನು ಆರಾಧಿಸುತ್ತ ಬೆಳೆದವರು. ಮದರ್ಸ್ ಆಫ್ ಇನ್ವೆನ್ಷನ್ ತಂಡದೊಡನೆ 1966ರಲ್ಲಿ ಹೊರತಂದ 'ಫ್ರೀಕ್ ಔಟ್!' ಅವರ ಮೊದಲ ಆಲ್ಬಮ್. 1968ರ ಆಲ್ಬಮ್ ಒಂದರಲ್ಲಿ ಅವರು ಬೀಟಲ್ಸ್‌ನ 'ಸಾರ್ಜೆಂಟ್ ಪೆಪ್ಪರ್ಸ್' ಮುಖಪುಟವನ್ನೇ ಅಣಕಿಸಿದರು. ಸಂಗೀತದಲ್ಲಿ ಹಾಸ್ಯಕ್ಕೆ ಎಡೆಯಿದೆಯೇ ಎಂಬ ಪ್ರಶ್ನೆಯನ್ನೇ ಅವರು 1980ರ ದಶಕದ ತಮ್ಮ ಕಛೇರಿಯೊಂದರ ಧ್ವನಿಮುದ್ರಿಕೆಗೆ ಹೆಸರಾಗಿ ಇಟ್ಟರು.

ಆ ಪ್ರಶ್ನೆಗೆ ಉತ್ತರ ಅವರ ವೇದಿಕೆಯ ಮೇಲೆಯೇ ಕಾಣಸಿಗುತ್ತಿತ್ತು. ಕ್ಲಿಷ್ಟವಾದ ರಚನೆಯನ್ನು ನುಡಿಸುತ್ತಿರುವಾಗಲೇ ಜಪ್ಪಾ ತಮ್ಮ ತಲೆಯ ಬಲಬದಿಯಲ್ಲಿ ಕಾಣದ ಜಡೆಯೊಂದನ್ನು ಬೆರಳಿನಿಂದ ಸುತ್ತುವಂತೆ ಸನ್ನೆ ಮಾಡಿದರೆ, ಇಡೀ ತಂಡವು ಆ ಕ್ಷಣದಿಂದಲೇ ಅದೇ ರಚನೆಯನ್ನು ಜಮೈಕಾದ ರೆಗ್ಗೆ ಲಯಕ್ಕೆ ಹೊರಳಿಸಬೇಕಾಗಿತ್ತು. ಎರಡೂ ಬದಿಗಳಲ್ಲಿ ಜಡೆ ಸುತ್ತುವ ಸನ್ನೆ ಕಂಡರೆ ಅದನ್ನು ಸ್ಕಾ ಎಂಬ ಇಮ್ಮಡಿ ವೇಗದ ಲಯಕ್ಕೆ ಏರಿಸಬೇಕಾಗಿತ್ತು. ಸಭಿಕರ ಪಾಲಿಗೆ ಇದು ತಟ್ಟನೆ ನಗೆ ಉಕ್ಕಿಸುವ ತಮಾಷೆ. ಆದರೆ ಆ ತಮಾಷೆ ಫಲಿಸಲು ವಾದಕರೆಲ್ಲರೂ ಒಂದು ಮಾತ್ರೆಯೂ ತಪ್ಪದಂತೆ ಸಿದ್ಧರಾಗಿರಬೇಕಿದ್ದು, ಅದಕ್ಕೆ ದೀರ್ಘಕಾಲದ ತಾಲೀಮು ಅಗತ್ಯವಾಗಿತ್ತು. ಹಾಗೆಂದು ಜಪ್ಪಾ ಅವರ ಹಾಸ್ಯವನ್ನೆಲ್ಲ ರಸಿಕರು ಒಂದೇ ತೆರನಾಗಿ ಒಪ್ಪುವುದಿಲ್ಲ. ಅವರ ಕೆಲವು ಹಾಡುಗಳ ಸಾಹಿತ್ಯವು ಹೆಣ್ಣನ್ನು ಕೀಳಾಗಿ ಕಾಣುತ್ತದೆ ಎಂಬ ಆಕ್ಷೇಪ ಹಳೆಯದೂ ಹೌದು, ನ್ಯಾಯವಾದುದೂ ಹೌದು. ವಾದನದ ಹಿರಿಮೆಯು ಸಾಹಿತ್ಯದ ಕುಂದನ್ನು ಮುಚ್ಚಲಾರದು.

ಹನ್ನೊಂದರವರೆಗೆ ತಿರುಗುವ ಗುಂಡಿ

ರಾಕ್ ತಂಡಗಳ ಗತ್ತುಗಾರಿಕೆಯನ್ನೇ ವಸ್ತುವಾಗಿಸಿಕೊಂಡು ರಾಬ್ ರೈನರ್ ನಿರ್ದೇಶಿಸಿದ 'ದಿಸ್ ಈಸ್ ಸ್ಪೈನಲ್ ಟ್ಯಾಪ್' ಚಿತ್ರ 1984ರಲ್ಲಿ ತೆರೆಕಂಡಿತು. ಇಲ್ಲದ ತಂಡವೊಂದರ ಪ್ರವಾಸವನ್ನು ಸಾಕ್ಷ್ಯಚಿತ್ರದ ರೀತಿಯಲ್ಲಿ ತೋರಿಸುವ ಇದರ ಒಂದು ದೃಶ್ಯದಲ್ಲಿ, ಗಿಟಾರ್ ವಾದಕನು ತನ್ನ ಆಂಪ್ಲಿಫೈಯರ್‌ನ, ಎಂದರೆ ವಾದ್ಯದ ದನಿಯನ್ನು ಹಿಗ್ಗಿಸುವ ಪೆಟ್ಟಿಗೆಯ, ಗುಂಡಿಗಳನ್ನು ಹೆಮ್ಮೆಯಿಂದ ತೋರಿಸುತ್ತಾನೆ. ಎಲ್ಲರ ಪೆಟ್ಟಿಗೆಯಲ್ಲೂ ಅಂಕೆ 10ಕ್ಕೆ ನಿಂತರೆ ಇವನದರಲ್ಲಿ 11ರವರೆಗೆ ಇದೆ. ಹತ್ತನ್ನೇ ಇನ್ನಷ್ಟು ಜೋರಾಗಿಸಿದರೆ ಸಾಲದೇ ಎಂದು ಕೇಳಿದಾಗ ಅವನು ಕ್ಷಣಕಾಲ ಮೌನವಾಗಿ, ಬಳಿಕ ಮತ್ತೆ ಹನ್ನೊಂದರ ಮಾತನ್ನೇ ಹೇಳುತ್ತಾನೆ. ಆ ಮೌನದಲ್ಲಿ ಅಬ್ಬರವನ್ನೇ ಕಲೆಯೆಂದು ನಂಬಿದ ಒಂದು ಲೋಕವಿಡೀ ಬಯಲಾಗುತ್ತದೆ. ಮುಖ್ಯ ನಟರಾದ ಕ್ರಿಸ್ಟೊಫರ್ ಗೆಸ್ಟ್, ಮೈಕಲ್ ಮೆಕೀನ್ ಮತ್ತು ಹ್ಯಾರಿ ಶಿಯರರ್ ಹಾಡುಗಳನ್ನು ತಾವೇ ಹಾಡಿ ನುಡಿಸಿದರು. ಮುಂದೆ ಅದೇ ಹೆಸರಿನಲ್ಲಿ ನಿಜವಾದ ವೇದಿಕೆಗಳನ್ನೇರಿ, 1992ರಲ್ಲಿ ಮತ್ತೊಂದು ಆಲ್ಬಮ್ಮನ್ನೂ ಹೊರತಂದರು. ಅಣಕವಾಗಿ ಹುಟ್ಟಿದ ತಂಡಕ್ಕೆ ಅಸಲಿ ಅಭಿಮಾನಿಗಳು ದೊರೆತರು. ಅಮೆರಿಕವು 2002ರಲ್ಲಿ ಈ ಚಿತ್ರವನ್ನು ಸಂರಕ್ಷಣೆಗೆ ಅರ್ಹವಾದ ತನ್ನ ರಾಷ್ಟ್ರೀಯ ಚಲನಚಿತ್ರಗಳ ಪಟ್ಟಿಗೆ ಸೇರಿಸಿತು.

ಕೇಳುಗರು ಬೆಳೆಸಿದ ಕಲಾವಿದ

ಹಾಸ್ಯಗೀತೆಗಳ ಭವಿಷ್ಯವನ್ನು ಕೇಳುಗರ ಮಾತೇ ನಿರ್ಧರಿಸಿದ್ದಕ್ಕೆ ಅಮೆರಿಕದ ಡಾಕ್ಟರ್ ಡಿಮೆಂಟೋ ಅವರ ರೇಡಿಯೋ ಕಾರ್ಯಕ್ರಮ ಸಾಕ್ಷಿ. 1970ರಲ್ಲಿ ಲಾಸ್ ಏಂಜಲೀಸ್ ಸೀಮೆಯಲ್ಲಿ ಆರಂಭವಾದ ಈ ಕಾರ್ಯಕ್ರಮದಲ್ಲಿ ಶ್ರೋತೃಗಳ ಕೋರಿಕೆಗಳನ್ನು ಎಣಿಸಿ ವಾರದ ಮೆಚ್ಚಿನ ಹಾಡುಗಳನ್ನು ಬಿತ್ತರಿಸುತ್ತಿದ್ದರು. ಆ ಬಳಗದಿಂದ ಮೇಲೆದ್ದು ಬಂದವರು 1959ರಲ್ಲಿ ಜನಿಸಿದ ಆಲ್ ಯಾಂಕೊವಿಕ್, ಅಭಿಮಾನಿಗಳ ಬಾಯಲ್ಲಿ 'ವಿಯರ್ಡ್ ಆಲ್'. ಮನೆಮನೆಗೆ ಬಂದು ಸಂಗೀತ ಪಾಠಕ್ಕೆ ಮಕ್ಕಳನ್ನು ಸೇರಿಸಿಕೊಳ್ಳುತ್ತಿದ್ದವನು ಗಿಟಾರ್ ಮತ್ತು ಅಕಾರ್ಡಿಯನ್‌ಗಳಲ್ಲಿ ಒಂದನ್ನು ಆರಿಸಿಕೊಳ್ಳಲು ಹೇಳಿದಾಗ, ಹೆತ್ತವರು ಮಗನಿಗೆ ತಿದಿಯನ್ನು ಹಿಗ್ಗಿಸಿ ಕುಗ್ಗಿಸಿ ನುಡಿಸುವ ಅಕಾರ್ಡಿಯನ್ ಕೊಡಿಸಿದರು. 1979ರಲ್ಲಿ, ವಿದ್ಯಾರ್ಥಿಯಾಗಿದ್ದಾಗ, ಕಾಲೇಜಿನ ರೇಡಿಯೋ ಕೇಂದ್ರದ ಎದುರಿನ ಸ್ನಾನಗೃಹದಲ್ಲಿ ಗೋಡೆಗಳ ಪ್ರತಿಧ್ವನಿಯನ್ನು ಬಳಸಿಕೊಂಡು ಅವರು ಮೊದಲ ಪ್ರಸಿದ್ಧ ಅಣಕುಗೀತೆಯನ್ನು ಮುದ್ರಿಸಿಕೊಂಡರು. ಮರುವರ್ಷ ಡಿಮೆಂಟೋ ಕಾರ್ಯಕ್ರಮದಲ್ಲಿ ನೇರವಾಗಿ ಹಾಡಿದಾಗ, ಮುಂದೆ ಅವರ ಕಾಯಂ ಡ್ರಮ್ ವಾದಕರಾದ ಜಾನ್ ಶ್ವಾರ್ಟ್ಜ್ ಅಕಾರ್ಡಿಯನ್ನಿನ ಪೆಟ್ಟಿಗೆಯನ್ನೇ ಬಡಿದು ತಾಳ ಕೊಟ್ಟರು.

ಸ್ನಾನಗೃಹದಲ್ಲಿ ತೊಡಗಿದ ಈ ಪಯಣ 2014ರಲ್ಲಿ, 'ಮ್ಯಾಂಡೇಟರಿ ಫನ್' ಆಲ್ಬಮ್ ಬಿಡುಗಡೆಯಾಗುತ್ತಲೇ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಅಗ್ರಸ್ಥಾನಕ್ಕೇರುವಲ್ಲಿಗೆ ಮುಟ್ಟಿತು. 1963ರಲ್ಲಿ ಆಲನ್ ಶೆರ್ಮನ್ ಅವರ ಆಲ್ಬಮ್ಮಿನ ಬಳಿಕ ಹಾಸ್ಯಕ್ಕೆ ಆ ಸ್ಥಾನ ದೊರೆತದ್ದು ಅದೇ ಮೊದಲು. ಅಣಕಿಸುವ ಮುನ್ನ ಮೂಲ ಕಲಾವಿದರ ಒಪ್ಪಿಗೆ ಕೇಳುವುದು ಯಾಂಕೊವಿಕ್ ಪಾಲಿಸಿಕೊಂಡು ಬಂದ ನಿಯಮ. ನಿರ್ವಾಣ ತಂಡದ ಕರ್ಟ್ ಕೊಬೇನ್ ಒಪ್ಪಿದರೆ, ಪ್ರಿನ್ಸ್ ಎಂದೂ ಒಪ್ಪಲಿಲ್ಲ. ಅಣಕವು ಲಾಭಕ್ಕಾಗಿ ಮಾಡಿದ್ದಾದರೂ ಕೃತಿಸ್ವಾಮ್ಯದ ನ್ಯಾಯಯುತ ಬಳಕೆ ಎನಿಸಬಹುದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1994ರಲ್ಲಿ, ಟು ಲೈವ್ ಕ್ರೂ ತಂಡದ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಆ ಬಳಿಕವೂ ಯಾಂಕೊವಿಕ್ ತಮ್ಮ ನಿಯಮವನ್ನು ಬಿಡದಿರುವುದು ಸಹಕಲಾವಿದರ ಮೇಲಿನ ಗೌರವಕ್ಕೆ ಸಂದ ಮಾತು.

ಪಾಶ್ಚಾತ್ಯ ಮಟ್ಟನ್ನು ಹಾಸ್ಯಕ್ಕೆ ಒಗ್ಗಿಸುವ ಈ ವಿದ್ಯೆ ರಾಕ್ ಹುಟ್ಟುವ ಮುನ್ನವೇ ಕನ್ನಡಕ್ಕೆ ಪರಿಚಿತವಾಗಿತ್ತು. ಟಿ.ಪಿ. ಕೈಲಾಸಂ ಅವರ 'ಕೋಳೀಕೆ ರಂಗ' 1920ರ ದಶಕದ ಇಂಗ್ಲಿಷ್ ಹಾಡು 'ಕಾನ್‌ಸ್ಟಾಂಟಿನೋಪಲ್' ಮಟ್ಟನ್ನು ಆಧರಿಸಿದ್ದು. ಅಲ್ಲಿ ಊರಿನ ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸುವ ಆಟವಿದ್ದರೆ, ಕೈಲಾಸಂ ಅದನ್ನು ಹಳ್ಳಿಗನೊಬ್ಬನ ಹೆಸರಿನ ಕನ್ನಡ ಅಕ್ಷರಗಳಿಗೆ ಲಯ ಕೆಡದಂತೆ ಕೂಡಿಸಿದರು. ಮೂಲವನ್ನು ಕೇಳಿಯೇ ಇರದ ಕನ್ನಡಿಗರೂ ಆ ಹಾಡನ್ನು ಇಂದಿಗೂ ಸವಿಯುತ್ತಾರೆ.

ಹಾಸ್ಯ ರಾಕ್‌ನ ಬೆಲೆಯನ್ನು ಅಳೆಯುವ ನಂಬಬಹುದಾದ ಮಾರ್ಗವೆಂದರೆ ಮರುಕೇಳ್ಮೆ. ಮೈಕಲ್ ಜಾಕ್ಸನ್ ಅವರ 'ಬೀಟ್ ಇಟ್' ಹಾಡಿನಲ್ಲಿ ಎಡ್ಡಿ ವ್ಯಾನ್ ಹೇಲನ್ ನುಡಿಸಿದ ಗಿಟಾರಿನ ಒಂಟಿ ವಾದನ ಪ್ರಸಿದ್ಧವಾದುದು. 1984ರಲ್ಲಿ ಯಾಂಕೊವಿಕ್ ಆ ಹಾಡನ್ನು ಊಟದ ಹಾಡಾಗಿ ಮಾರ್ಪಡಿಸಿದ 'ಈಟ್ ಇಟ್'ನಲ್ಲಿ ರಿಕ್ ಡೆರಿಂಜರ್ ಅದೇ ಜಾಗದಲ್ಲಿ ಅದೇ ಆವೇಶದಿಂದ ನುಡಿಸುತ್ತ ಹೋಗುತ್ತಾರೆ. ಕೊನೆಗೆ ಗಿಟಾರ್ ಸಿಡಿದುಹೋದಂತೆ ಸ್ಫೋಟದ ಸದ್ದು ಕೇಳುತ್ತದೆ. ಮೊದಲ ಸಲ ಕೇಳುವವರು ಆ ಸ್ಫೋಟಕ್ಕಾಗಿ ನಗುತ್ತಾರೆ. ಹತ್ತನೆಯ ಸಲ ಕೇಳುವವರಿಗೆ ಸ್ಫೋಟ ಬರುವುದು ಗೊತ್ತೇ ಇರುತ್ತದೆ, ಆದರೂ ಅವರು ಹಾಡನ್ನು ನಿಲ್ಲಿಸುವುದಿಲ್ಲ. ಅದಕ್ಕೂ ಮುಂಚಿನ ಕೆಲವು ಕ್ಷಣಗಳಲ್ಲಿ ತಂತಿಗಳ ಮೇಲೆ ಓಡುವ ಆ ಬೆರಳುಗಳಿಗಾಗಿ ಕಾಯುತ್ತಾರೆ.