ನಾಯಿಯ ರಹದಾರಿ

೧೭೮೩ನೆಯ ಇಸವಿ ಸೆಪ್ಟೆಂಬರ್ ೧೯ರಂದು ಫ್ರಾನ್ಸಿನ ವರ್ಸೇಲ್ಸ್ ಅರಮನೆಯ ಅಂಗಳದಿಂದ ಮಾಂಗಾಲ್ಫಿಯೇ ಸೋದರರ ಬೆಲೂನು ಮೇಲೇರಿದಾಗ ಅದರ ಕೆಳಗೆ ಕಟ್ಟಿದ್ದ ಬುಟ್ಟಿಯಲ್ಲಿ ಮನುಷ್ಯರಿರಲಿಲ್ಲ. ಒಂದು ಕುರಿ, ಒಂದು ಬಾತು, ಒಂದು ಹುಂಜ, ಇವು ಮೂರೇ ಆ ಯಾನದ ಪ್ರಯಾಣಿಕರು. ಅಷ್ಟು ಎತ್ತರದ ಗಾಳಿಯಲ್ಲಿ ಜೀವಿಯೊಂದು ಉಸಿರಾಡಬಲ್ಲುದೆ ಎಂಬ ಸಂದೇಹ ಆಗಿನವರಿಗಿದ್ದಿತು. ಸುಮಾರು ಎಂಟು ನಿಮಿಷ ತೇಲಿ, ಮೂರು ಕಿಲೋಮೀಟರುಗಳಷ್ಟು ದೂರದಲ್ಲಿ ಬೆಲೂನು ಇಳಿದಾಗ ಮೂರು ಪ್ರಾಣಿಗಳೂ ಜೀವಂತವಾಗಿದ್ದವು. ಆಕಾಶಯಾನದ ಚರಿತ್ರೆಯಲ್ಲಿ ಮನುಷ್ಯನಿಗಿಂತ ಮೊದಲಿನ ಸ್ಥಾನ ಹೀಗೆ ಅವನ ಸಾಕುಪ್ರಾಣಿಗಳಿಗೆ ಸಂದಿತು.

ಆ ಸಂದೇಹ ಈಗ ಉಳಿದಿಲ್ಲ. ಬೆಂಗಳೂರಿನಿಂದ ಉದ್ಯೋಗಕ್ಕಾಗಿ ಲಂಡನ್ನಿಗೋ ಬರ್ಲಿನ್ನಿಗೋ ಹೊರಡುವ ಸಂಸಾರವೊಂದು ತನ್ನ ನಾಯಿಯನ್ನೂ ಬೆಕ್ಕನ್ನೂ ಜೊತೆಗೆ ಕರೆದೊಯ್ಯಲು ಬಯಸುವುದು ಇಂದು ಅಪೂರ್ವವೇನಲ್ಲ. ಆದರೆ ಹೊರಡುವ ಸಿದ್ಧತೆ ಮಾಡುವಾಗ ಅವರಿಗೊಂದು ಸೋಜಿಗ ಎದುರಾಗುತ್ತದೆ. ಮನೆಯವರ ವೀಸಾ ಕೆಲವು ವಾರಗಳಲ್ಲಿ ಕೈಸೇರಬಹುದು. ನಾಯಿಯ ಕಾಗದಪತ್ರಗಳು ಮಾತ್ರ, ಏನು ಮಾಡಿದರೂ, ನಾಲ್ಕು ತಿಂಗಳಿಗೆ ಮೊದಲು ಪೂರ್ಣವಾಗವು. ಇದು ಕಛೇರಿಗಳ ವಿಳಂಬವೆಂದು ಗೊಣಗುವವರುಂಟು. ವಾಸ್ತವವಾಗಿ ಈ ನಾಲ್ಕು ತಿಂಗಳುಗಳನ್ನು ಗೊತ್ತುಮಾಡಿರುವುದು ಗುಮಾಸ್ತರಲ್ಲ, ಒಂದು ವೈರಸ್ಸು.

ಅದು ಹುಚ್ಚುನಾಯಿ ರೋಗದ, ಎಂದರೆ ರೇಬೀಸಿನ, ವೈರಸ್ಸು. ಬಂದೂಕಿನ ಗುಂಡಿನ ಆಕಾರದ ಈ ಸೂಕ್ಷ್ಮಕಣ ರೋಗಗ್ರಸ್ತ ಪ್ರಾಣಿಯ ಜೊಲ್ಲಿನೊಡನೆ ಕಚ್ಚಿದ ಗಾಯವನ್ನು ಹೊಕ್ಕು, ಮಾಂಸಖಂಡದಲ್ಲಿರುವ ನರದ ತುದಿಯನ್ನು ಹಿಡಿದು, ನರತಂತುವಿನ ಒಳಗೊಳಗೇ ಮಿದುಳಿನತ್ತ ಪಯಣ ಬೆಳೆಸುತ್ತದೆ. ರಕ್ತದಲ್ಲಿ ಹರಿಯುವ ರೋಗಾಣುವಾಗಿದ್ದರೆ ಶರೀರದ ಕಾವಲುಗಾರರ ಕಣ್ಣಿಗೆ ಬೇಗ ಬೀಳುತ್ತಿತ್ತು. ನರದ ಮರೆಯಲ್ಲಿ ಸಾಗುವ ಇದು ಅವರಿಂದ ಬಹುಮಟ್ಟಿಗೆ ತಪ್ಪಿಸಿಕೊಳ್ಳುತ್ತದೆ. ಅದರ ನಡಿಗೆಯೂ ನಿಧಾನ. ಮುಖಕ್ಕೆ ಕಚ್ಚಿದರೆ ದಾರಿ ಕಿರಿದು, ಹಿಂಗಾಲಿಗೆ ಕಚ್ಚಿದರೆ ದಾರಿ ಹಿರಿದು. ಆದುದರಿಂದಲೇ ಕಚ್ಚಿದ ದಿನಕ್ಕೂ ರೋಗಲಕ್ಷಣ ಕಾಣುವ ದಿನಕ್ಕೂ ನಡುವೆ ಕೆಲವು ವಾರಗಳಿಂದ ಕೆಲವು ತಿಂಗಳುಗಳವರೆಗೆ, ಅಪರೂಪಕ್ಕೆ ಒಂದು ವರ್ಷಕ್ಕೂ ಮೀರಿ, ಕಾಲ ಸರಿಯುತ್ತದೆ. ಆ ಅವಧಿಯಲ್ಲಿ ನಾಯಿ ಉಣ್ಣುತ್ತದೆ, ಆಡುತ್ತದೆ, ಬಾಲವಾಡಿಸುತ್ತದೆ. ಯಾವ ಪಶುವೈದ್ಯನೂ ಅದನ್ನು ಮುಟ್ಟಿ ನೋಡಿ ‘ಇದರೊಳಗೆ ರೇಬೀಸ್ ಇದೆ’ ಎಂದು ಹೇಳಲಾರ. ಲಕ್ಷಣಗಳು ಒಮ್ಮೆ ತಲೆದೋರಿದವೆಂದರೆ ಸಾವು ಹೆಚ್ಚುಕಡಿಮೆ ನಿಶ್ಚಿತ. ನಾಯಿಗೂ ಅಷ್ಟೆ, ಮನುಷ್ಯನಿಗೂ ಅಷ್ಟೆ. ಜಗತ್ತಿನಲ್ಲಿ ಪ್ರತಿವರ್ಷ ಸುಮಾರು ೫೯,೦೦೦ ಜನ ಈ ರೋಗಕ್ಕೆ ಬಲಿಯಾಗುತ್ತಾರೆಂದು ಅಂದಾಜು. ಅದರಲ್ಲಿ ಮೂರನೆಯ ಒಂದು ಪಾಲಿಗಿಂತಲೂ ತುಸು ಹೆಚ್ಚು ನಮ್ಮ ದೇಶದ್ದೆಂದು ವಿಶ್ವ ಆರೋಗ್ಯ ಸಂಸ್ಥೆ ಎಣಿಸಿದೆ. ಭಾರತದಿಂದ ಬರುವ ನಾಯಿಯನ್ನು ಪರದೇಶದವರು ಅನುಮಾನದಿಂದ ನೋಡಿದರೆ ಅದರಲ್ಲಿ ಅವಮಾನವೆಂದು ಭಾವಿಸಬೇಕಾದುದೇನೂ ಇಲ್ಲ.

ಈ ಅನುಮಾನದ ಚರಿತ್ರೆಯನ್ನು ತಿಳಿಯಲು ಬ್ರಿಟನ್ನಿನ ಉದಾಹರಣೆಯೇ ಸಾಕು. ಸುತ್ತ ಕಡಲಿರುವ ಆ ದ್ವೀಪದಲ್ಲಿ ನಾಯಿಗಳಿಗೆ ಮೂತಿಬುಟ್ಟಿ ತೊಡಿಸುವ ಕಟ್ಟುನಿಟ್ಟಿನ ಆಜ್ಞೆಗಳಿಂದ ೧೯೦೨ರ ವೇಳೆಗೆ ರೇಬೀಸ್ ಸಂಪೂರ್ಣವಾಗಿ ಅಳಿಯಿತು. ಆದರೆ ಮೊದಲನೆಯ ಮಹಾಯುದ್ಧ ಮುಗಿದು ಸೈನಿಕರು ಹಿಂದಿರುಗುವ ಕಾಲದಲ್ಲಿ, ೧೯೧೮ರಲ್ಲಿ, ಗುಟ್ಟಾಗಿ ತಂದ ನಾಯಿಗಳ ಮೂಲಕ ರೋಗ ಮತ್ತೆ ಒಳನುಗ್ಗಿತು. ಅದನ್ನು ಅಳಿಸಲು ೧೯೨೨ರವರೆಗೆ ಹೆಣಗಬೇಕಾಯಿತು. ಹೊರಗಿನಿಂದ ಬಂದ ಪ್ರತಿ ನಾಯಿ, ಪ್ರತಿ ಬೆಕ್ಕು ಆರು ತಿಂಗಳ ಕಾಲ ಸರ್ಕಾರದ ಅಪ್ಪಣೆ ಪಡೆದ ಗೂಡಿನಲ್ಲಿ ಪ್ರತ್ಯೇಕವಾಗಿರತಕ್ಕದ್ದು ಎಂಬ ನಿಯಮ ಅಲ್ಲಿ ಬಹುಕಾಲ ನಡೆಯಿತು. ಇದೇ ಕ್ವಾರಂಟೈನ್. ನಲವತ್ತು ಎಂಬರ್ಥದ ಇಟಲಿಯ ಪದದಿಂದ ಹುಟ್ಟಿದ ಈ ಹೆಸರು, ಪ್ಲೇಗಿನ ಭಯದಿಂದ ಹಡಗುಗಳನ್ನು ನಲವತ್ತು ದಿನ ಬಂದರಿನಾಚೆ ನಿಲ್ಲಿಸುತ್ತಿದ್ದ ಕಾಲದ ನೆನಪು.

ಆರು ತಿಂಗಳಾದರೂ ಸಾಕೆ? ೧೯೬೯ರಲ್ಲಿ ಇಂಗ್ಲೆಂಡಿನ ಕ್ಯಾಂಬರ್ಲಿ ಎಂಬ ಊರಿನಲ್ಲಿ ಇದಕ್ಕೆ ಭಯಂಕರವಾದ ಉತ್ತರ ದೊರೆಯಿತು. ಜರ್ಮನಿಯಿಂದ ಬಂದಿದ್ದ ನಾಯಿಯೊಂದು ಆರು ತಿಂಗಳ ಬಂಧನವನ್ನು ನಿಯಮದಂತೆ ಮುಗಿಸಿ ಒಡೆಯನ ಮನೆಗೆ ಬಂದ ಕೆಲವೇ ದಿನಗಳಲ್ಲಿ ಹುಚ್ಚಿಗೆ ತುತ್ತಾಯಿತು. ಬಂಧನವೊಂದನ್ನೇ ನಂಬಿ ಕುಳಿತುಕೊಳ್ಳಲಾಗದು, ಲಸಿಕೆಯೂ ಬೇಕು ಎಂಬುದು ಆಗ ಸ್ಪಷ್ಟವಾಯಿತು. ಇನ್ನೂ ಮೂವತ್ತು ವರ್ಷಗಳ ಮೇಲೆ, ೨೦೦೦ನೆಯ ಇಸವಿಯಲ್ಲಿ, ಬ್ರಿಟನ್ ಈ ಹಳೆಯ ಪದ್ಧತಿಯನ್ನು ಸಡಿಲಿಸಿ, ಲಸಿಕೆ, ಗುರುತು ಮತ್ತು ರಕ್ತಪರೀಕ್ಷೆಗಳನ್ನು ಆಧರಿಸಿದ ಹೊಸ ಏರ್ಪಾಟನ್ನು ತಂದಿತು.

ಈ ಹೊಸ ಏರ್ಪಾಟಿನ ತರ್ಕವನ್ನು ನಾವು ತುಸು ಬಿಡಿಸಿ ನೋಡುವುದು ಒಳ್ಳೆಯದು. ಮೊದಲ ಹೆಜ್ಜೆ ಗುರುತು. ನಾಯಿಯ ಕತ್ತಿನ ಹಿಂಭಾಗದ ಚರ್ಮದಡಿಯಲ್ಲಿ ಅಕ್ಕಿಕಾಳಿನಷ್ಟು ದೊಡ್ಡದಾದ ಗಾಜಿನ ಕೊಳವೆಯೊಂದನ್ನು ಸೂಜಿಯಿಂದ ಸೇರಿಸುತ್ತಾರೆ. ಇದನ್ನು ಮೈಕ್ರೋಚಿಪ್ ಎನ್ನುವರು. ಅದರಲ್ಲಿ ಬ್ಯಾಟರಿಯಿಲ್ಲ. ಓದುವ ಯಂತ್ರವು ಸೆಕೆಂಡಿಗೆ ೧,೩೪,೨೦೦ ಕಂಪನಗಳ ರೇಡಿಯೋ ಅಲೆಯನ್ನು ಬೀರಿದಾಗ ಅದರ ಶಕ್ತಿಯಿಂದಲೇ ಎಚ್ಚೆತ್ತು ತನ್ನ ಹದಿನೈದು ಅಂಕೆಗಳ ಸಂಖ್ಯೆಯನ್ನು ಮಾರ್ನುಡಿಯುತ್ತದೆ. ಮೊದಲ ಮೂರು ಅಂಕೆಗಳು ದೇಶವನ್ನೋ ತಯಾರಕರನ್ನೋ ಸೂಚಿಸುತ್ತವೆ. ಭಾರತದ ಸಂಕೇತ ೩೫೬. ನಾಯಿ ಎಲ್ಲಿದೆ ಎಂಬುದನ್ನು ಇದು ಹೇಳುವುದೆಂದು ಕೆಲವರು ತಿಳಿದಿರುವುದುಂಟು. ಅದು ಸರಿಯಲ್ಲ. ಈ ನಾಯಿ ಯಾವುದು ಎಂಬುದನ್ನಷ್ಟೇ ಅದು ಹೇಳಬಲ್ಲುದು. ಲಸಿಕೆಗಿಂತ ಮೊದಲೇ ಚಿಪ್ಪನ್ನು ಹಾಕಿಸಿರಬೇಕು. ಹಾಗಿಲ್ಲದಿದ್ದರೆ, ಲಸಿಕೆ ಹಾಕಿಸಿಕೊಂಡ ಕಂದು ನಾಯಿ ಇದೇ ಕಂದು ನಾಯಿಯೆಂದು ನಂಬುವುದು ಹೇಗೆ?

ಎರಡನೆಯದು ಲಸಿಕೆ. ಮೂರನೆಯದು, ಅದಾಗಿ ಕನಿಷ್ಠ ೩೦ ದಿನಗಳ ತರುವಾಯ, ರಕ್ತಪರೀಕ್ಷೆ. ಮಾನ್ಯತೆ ಪಡೆದ ಪ್ರಯೋಗಶಾಲೆಯಲ್ಲಿ ನಾಯಿಯ ರಕ್ತರಸವನ್ನು ಹಂತಹಂತವಾಗಿ ತೆಳುಮಾಡಿ, ಪ್ರತಿಯೊಂದು ಹಂತಕ್ಕೂ ಗೊತ್ತಾದ ಪ್ರಮಾಣದ ರೇಬೀಸ್ ವೈರಸ್ಸನ್ನು ಬೆರೆಸಿ, ಆ ಮಿಶ್ರಣವನ್ನು ಜೀವಕೋಶಗಳ ಮೇಲೆ ಬಿಡುತ್ತಾರೆ. ಹೊಳೆಯುವ ಬಣ್ಣವನ್ನು ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ವೈರಸ್ಸು ಹೊಕ್ಕ ಕೋಶಗಳು ಹಸಿರಾಗಿ ಬೆಳಗುತ್ತವೆ. ರಕ್ತರಸದ ಪ್ರತಿಕಾಯಗಳು ವೈರಸ್ಸನ್ನು ಕಟ್ಟಿಹಾಕಿದ್ದರೆ ಬೆಳಕಿಲ್ಲ. ಒಂದು ಮಿಲಿಲೀಟರಿಗೆ ೦.೫ ಅಂತರರಾಷ್ಟ್ರೀಯ ಮಾನಗಳಷ್ಟು ಪ್ರತಿಕಾಯ ಇದ್ದರೆ ನಾಯಿ ಉತ್ತೀರ್ಣವಾದಂತೆ.

ಉತ್ತೀರ್ಣವಾದ ಮೇಲೂ ಬ್ರಿಟನ್ನಿಗೆ ಅಥವಾ ಐರೋಪ್ಯ ಒಕ್ಕೂಟದ ದೇಶಗಳಿಗೆ ಹೊರಡಲು, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಪರೀಕ್ಷೆಯಾದ ಮೇಲೆ ಇನ್ನೇಕೆ ಕಾಯುವುದು? ವಿದ್ಯಾರ್ಥಿಗಳು ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಲಸಿಕೆ ಫಲಿಸಿತೆ ಎಂಬ ಪ್ರಶ್ನೆಗೆ ರಕ್ತ ಉತ್ತರ ಕೊಟ್ಟಿತು. ಆದರೆ ಲಸಿಕೆ ಹಾಕುವುದಕ್ಕೆ ಮೊದಲೇ ಬೀದಿನಾಯಿಯೊಂದು ಇದನ್ನು ಕಚ್ಚಿದ್ದು, ವೈರಸ್ಸು ಆಗಲೇ ನರದೊಳಗೆ ನಡೆಯತೊಡಗಿದ್ದರೆ? ಆ ಪ್ರಶ್ನೆಗೆ ಉತ್ತರಿಸಬಲ್ಲ ಪರೀಕ್ಷೆ ಯಾವುದೂ ಇಲ್ಲ. ಉತ್ತರಿಸಬಲ್ಲುದು ಕಾಲ ಮಾತ್ರ. ಮೂರು ತಿಂಗಳು ಆರೋಗ್ಯವಾಗಿ ಕಳೆದರೆ ಆ ಸಂಭವ ಅತ್ಯಲ್ಪಕ್ಕೆ ಇಳಿಯುತ್ತದೆ. ಜಪಾನ್ ಇನ್ನೂ ಎಚ್ಚರಿಕೆಯುಳ್ಳ ದೇಶ; ಅಲ್ಲಿಗೆ ಹೋಗಲು ರಕ್ತ ತೆಗೆದ ಮೇಲೆ ೧೮೦ ದಿನ ಕಳೆದಿರಬೇಕು. ಗಡುವು ಮುಗಿಯುವ ಮೊದಲೇ ಹೋಗಿ ಇಳಿದರೆ ಉಳಿದ ದಿನಗಳನ್ನು ಅಲ್ಲಿನ ಬಂಧನಾಲಯದಲ್ಲಿ ಕಳೆಯಬೇಕು.

ಕಾಗದದ ಮಾತು ಇಷ್ಟಾಯಿತು. ಇನ್ನು ಆಕಾಶದ ಮಾತು. ಸಣ್ಣ ನಾಯಿಬೆಕ್ಕುಗಳನ್ನು ಆಸನದ ಕೆಳಗಿಟ್ಟುಕೊಂಡು ಹೋಗಲು ಕೆಲವು ವಿಮಾನ ಸಂಸ್ಥೆಗಳು ಒಪ್ಪುತ್ತವೆ. ಬ್ರಿಟನ್ನಿಗೆ ವಿಮಾನದಲ್ಲಿ ಬರುವ ನಾಯಿಯಾದರೋ, ಕುರುಡರಿಗೆ ದಾರಿ ತೋರುವಂಥ ನೆರವಿನ ನಾಯಿಯ ಹೊರತು, ಸರಕಾಗಿಯೇ ಬರಬೇಕು. ‘ಸರಕು’ ಎಂದೊಡನೆ ನಾಯಿಯನ್ನು ಪೆಟ್ಟಿಗೆಗಳ ನಡುವೆ ಚಳಿಯಲ್ಲಿ ಎಸೆಯುತ್ತಾರೆಂದು ಹೆದರಬೇಕಾಗಿಲ್ಲ. ವಿಮಾನ ೧೧,೦೦೦ ಮೀಟರ್ ಎತ್ತರದಲ್ಲಿ ಹಾರುವಾಗ ಹೊರಗೆ ಸೊನ್ನೆಗಿಂತ ಐವತ್ತು ಡಿಗ್ರಿಗಳಷ್ಟು ಕೆಳಗಿನ ಚಳಿ, ಉಸಿರಿಗೆ ಸಾಲದ ಗಾಳಿ. ಆದರೆ ಪ್ರಾಣಿಗಳನ್ನಿಡುವ ಕೆಳಅಂತಸ್ತಿನ ಉಗ್ರಾಣದಲ್ಲಿಯೂ ಪ್ರಯಾಣಿಕರ ಕೋಣೆಯಲ್ಲಿರುವಷ್ಟೇ ಒತ್ತಡವನ್ನು ಕಾಪಾಡಿರುತ್ತಾರೆ. ಆ ಒತ್ತಡ ಸುಮಾರು ೨,೪೦೦ ಮೀಟರ್ ಎತ್ತರದ ಬೆಟ್ಟದ ಮೇಲಿನ ಒತ್ತಡಕ್ಕಿಂತ ಕಡಿಮೆಯಾಗದು. ಊಟಿಗಿಂತ ತುಸು ಎತ್ತರವೆಂದು ಭಾವಿಸಿದರೆ ಸರಿ.

ನಿಜವಾದ ಅಪಾಯ ಬಹುಮಟ್ಟಿಗೆ ಆಕಾಶದಲ್ಲಿಲ್ಲ, ನೆಲದಲ್ಲಿದೆ. ನಾಯಿಗೆ ನಮ್ಮಂತೆ ಮೈತುಂಬ ಬೆವರುವ ಸೌಲಭ್ಯವಿಲ್ಲ. ನಾಲಗೆ ಚಾಚಿ ಏದುತ್ತ, ಬಾಯಿ, ಮೂಗುಗಳ ತೇವವನ್ನು ಆವಿಯಾಗಿಸಿ ಅದು ಮೈಯನ್ನು ತಂಪಾಗಿಸಿಕೊಳ್ಳುತ್ತದೆ. ಬೇಸಗೆಯ ಮಧ್ಯಾಹ್ನ ಕಾದ ವಿಮಾನನಿಲ್ದಾಣದ ಕಾಂಕ್ರೀಟಿನ ಮೇಲೆ, ಗಾಳಿಯಾಡದೆಡೆಯಲ್ಲಿ ಗೂಡು ಅರ್ಧ ಗಂಟೆ ನಿಂತರೂ ಪ್ರಾಣಕ್ಕೆ ಸಂಚಕಾರ ಬರಬಹುದು. ಪಗ್, ಬುಲ್‌ಡಾಗ್‌ಗಳಂಥ ಚಪ್ಪಟೆ ಮೂತಿಯ ನಾಯಿಗಳ ಪಾಡು ಇನ್ನೂ ಕಷ್ಟ. ಮನುಷ್ಯನ ಚಪಲಕ್ಕಾಗಿ ತಲೆಮಾರುಗಳಿಂದ ಮೂತಿಯನ್ನು ಮೊಟಕುಮಾಡಿದ ಈ ತಳಿಗಳಲ್ಲಿ ಮೂಳೆ ಕುಗ್ಗಿತು, ಒಳಗಿನ ಮೃದು ಅಂಗಾಂಶ ಅಷ್ಟು ಕುಗ್ಗಲಿಲ್ಲ. ಫಲವಾಗಿ ಉಸಿರಿನ ದಾರಿ ಇಕ್ಕಟ್ಟು. ಏದಿದಷ್ಟೂ ಗಂಟಲು ಊದಿಕೊಂಡು ದಾರಿ ಮತ್ತಷ್ಟು ಮುಚ್ಚುತ್ತದೆ. ಅನೇಕ ವಿಮಾನ ಸಂಸ್ಥೆಗಳು ಇವನ್ನು ಒಯ್ಯಲು ಒಪ್ಪುವುದೇ ಇಲ್ಲ. ಪರ್ಷಿಯನ್ ಬೆಕ್ಕಿಗೂ ಈ ಮಾತು ಸಲ್ಲುತ್ತದೆ. ಮುದಿ ಪಗ್ ಒಂದನ್ನು ಹತ್ತಾರು ಗಂಟೆಗಳ ಯಾನಕ್ಕೆ ಒಡ್ಡುವ ಬದಲು ಅದಕ್ಕೆ ಪರಿಚಿತವಾದ ಬಂಧುಗಳ ಮನೆಯಲ್ಲಿ ಬಿಟ್ಟುಹೋಗುವುದೇ ಪ್ರೀತಿಯ ಲಕ್ಷಣವೆಂದು ನಾವು ಎಣಿಸುತ್ತೇವೆ.

ನಾಯಿ ನಿದ್ದೆ ಮಾಡಲೆಂದು ಮಂಪರಿನ ಔಷಧ ಕೊಡುವುದು ಬಹುಜನರಿಗೆ ಹೊಳೆಯುವ ಉಪಾಯ. ಇದು ಕೇಡಿನ ಉಪಾಯ. ಇಂಥ ಔಷಧಗಳು ರಕ್ತದ ಒತ್ತಡವನ್ನು ಇಳಿಸುತ್ತವೆ. ಮೈಯ ಉಷ್ಣತೆಯನ್ನು ಹದದಲ್ಲಿಡುವ ಶಕ್ತಿಯನ್ನು ಕುಂದಿಸುತ್ತವೆ. ಗೂಡು ಓಲಾಡಿದಾಗ ಪ್ರಾಣಿ ತನ್ನ ಸಮತೋಲವನ್ನು ಕಾಯ್ದುಕೊಳ್ಳಲಾರದು. ತೆಳುವಾದ ಗಾಳಿಯಲ್ಲಿ ಇವೆಲ್ಲ ಕೂಡಿದರೆ ಪರಿಣಾಮ ಏನಾದೀತೆಂದು ಹೇಳಬರುವುದಿಲ್ಲ. ಅದಕ್ಕಿಂತ ಗೂಡನ್ನು ಹಲವು ವಾರ ಮೊದಲೇ ಮನೆಗೆ ತಂದು, ಬಾಗಿಲು ತೆರೆದಿಟ್ಟು, ಅದರಲ್ಲಿಯೇ ಊಟವಿಕ್ಕಿ, ಅದರಲ್ಲಿಯೇ ಮಲಗುವ ರೂಢಿ ಮಾಡಿಸುವುದು ಲೇಸು. ಗೂಡಿನಲ್ಲಿ ನಾಯಿ ತಲೆ ತಗ್ಗಿಸದೆ ನಿಲ್ಲುವಂತಿರಬೇಕು, ಸಲೀಸಾಗಿ ತಿರುಗುವಂತಿರಬೇಕು, ಕಾಲು ಚಾಚಿ ಮಲಗುವಂತಿರಬೇಕು. ಬಾಗಿಲು ತೆರೆಯದೆ ಹೊರಗಿನಿಂದಲೇ ನೀರು ಹಾಕಲು ಬರುವಂತೆ ಬಟ್ಟಲು ಇರಬೇಕು. ಒಡೆಯನ ಹಳೆಯ ಅಂಗಿಯೊಂದನ್ನು ಹಾಸಿದರೆ ಅದರ ವಾಸನೆಯೇ ಸಾಂತ್ವನ.

ಇಳಿದ ಮೇಲಿನ ಕಥೆ ದೇಶದಿಂದ ದೇಶಕ್ಕೆ ಬೇರೆ. ಆಸ್ಟ್ರೇಲಿಯದಲ್ಲಿ ಬಂದ ನಾಯಿಬೆಕ್ಕುಗಳು ಸಾಮಾನ್ಯವಾಗಿ ಮೆಲ್ಬರ್ನ್ ಬಳಿಯ ಮಿಕಲ್‌ಹ್ಯಾಮ್ ಬಂಧನಾಲಯದಲ್ಲಿ ಕಡಿಮೆಯೆಂದರೆ ಹತ್ತು ದಿನ ಇರಬೇಕು. ಭಾರತದಿಂದ ನೇರವಾಗಿ ನಾಯಿಯನ್ನು ಅಲ್ಲಿ ಒಳಬಿಡುವುದಿಲ್ಲ. ಅವರು ಒಪ್ಪಿದ ಬೇರೊಂದು ದೇಶದಲ್ಲಿ ನಿಂತು, ಅಲ್ಲಿಂದ ಹೋಗಬೇಕು. ೨೦೧೫ರಲ್ಲಿ ಹಾಲಿವುಡ್ ನಟ ಜಾನಿ ಡೆಪ್ ದಂಪತಿಗಳು ಪಿಸ್ಟಲ್, ಬೂ ಎಂಬ ಎರಡು ಪುಟ್ಟ ನಾಯಿಗಳನ್ನು ಸ್ವಂತ ವಿಮಾನದಲ್ಲಿ ಅನುಮತಿಯಿಲ್ಲದೆ ಅಲ್ಲಿಗೆ ತಂದಾಗ, ನಾಯಿಗಳನ್ನು ಹಿಂದಕ್ಕೆ ಕಳುಹಿಸದಿದ್ದರೆ ಕೊಲ್ಲಬೇಕಾಗುವುದೆಂದು ಕೃಷಿಮಂತ್ರಿ ಎಚ್ಚರಿಸಿದರು. ನಾಯಿಗಳು ಮರಳಿ ಅಮೆರಿಕಕ್ಕೆ ಹಾರಿದವು. ಮಂತ್ರಿಯ ಮಾತಿಗೆ ಜಗತ್ತು ನಕ್ಕಿತು. ಆದರೆ ೨೦೨೦ರಲ್ಲಿ, ಉಣ್ಣೆಯಿಂದ ಹರಡುವ ಎರ್ಲಿಕಿಯ ಎಂಬ ರೋಗಾಣು ಆಸ್ಟ್ರೇಲಿಯದ ವಾಯವ್ಯ ಭಾಗದ ನಾಯಿಗಳಲ್ಲಿ ಮೊದಲ ಸಲ ಕಾಣಿಸಿಕೊಂಡು ಬೇಗ ಹಬ್ಬಿತೆಂಬುದನ್ನು ನೆನೆದರೆ ಆ ನಗು ಅಷ್ಟು ಸುಲಭವಾಗದು.

ಬ್ರಿಟನ್, ಐರ್ಲೆಂಡ್, ನಾರ್ವೆ, ಫಿನ್‌ಲೆಂಡ್ ಮತ್ತು ಮಾಲ್ಟಗಳಿಗೆ ರೇಬೀಸಿನ ಜೊತೆಗೆ ಒಂದು ಲಾಡಿಹುಳುವಿನ ಭಯ. ಆದುದರಿಂದ ಅಲ್ಲಿಗೆ ಬರುವ ನಾಯಿಗೆ, ಇಳಿಯುವುದಕ್ಕೆ ೨೪ರಿಂದ ೧೨೦ ಗಂಟೆಗಳ ಮೊದಲು, ಪಶುವೈದ್ಯನೇ ಹುಳುವಿನ ಔಷಧ ಕೊಟ್ಟು ಬರೆದುಕೊಡಬೇಕು. ಇದರ ಸೋದರಸಂಬಂಧಿಯಾದ ಇನ್ನೊಂದು ಹುಳು ಮನುಷ್ಯನ ಯಕೃತ್ತಿನಲ್ಲಿ ನೀರ್ಗುಳ್ಳೆಗಳನ್ನು ಎಬ್ಬಿಸುತ್ತದೆ. ಅದರ ಕಾಟದಿಂದಲೇ ಐಸ್‌ಲೆಂಡಿನ ರಾಜಧಾನಿ ರೇಕ್ಯವಿಕ್‌ನಲ್ಲಿ ೧೯೨೪ರಿಂದ ೧೯೮೪ರವರೆಗೆ ನಾಯಿ ಸಾಕುವುದೇ ನಿಷಿದ್ಧವಾಗಿತ್ತು. ಅಮೆರಿಕ ಸಂಯುಕ್ತ ಸಂಸ್ಥಾನವು ೨೦೨೪ರ ಆಗಸ್ಟಿನಿಂದ ಆರು ತಿಂಗಳು ತುಂಬದ, ಚಿಪ್ಪಿಲ್ಲದ ಯಾವ ನಾಯಿಯನ್ನೂ ಒಳಬಿಡುತ್ತಿಲ್ಲ. ಭಾರತದಂಥ ದೇಶಗಳಿಂದ ಬರುವ ನಾಯಿಗಳಿಗೆ ನಿಯಮಗಳು ಇನ್ನೂ ಬಿಗಿ.

ಹೊಸ ಊರಿನ ಕಟ್ಟಳೆಗಳನ್ನೂ ತಿಳಿದಿರಬೇಕು. ಬ್ರಿಟನ್ನಿನಲ್ಲಿ ೧೯೯೧ರ ಶಾಸನದಂತೆ ಪಿಟ್‌ಬುಲ್, ಜಪಾನಿ ಟೋಸಾ ಮೊದಲಾದ ಕೆಲವು ತಳಿಗಳಿಗೆ ಪ್ರವೇಶವಿಲ್ಲ. ಜರ್ಮನಿಯ ಊರಾಡಳಿತಗಳು ನಾಯಿಗೆಂದೇ ವಾರ್ಷಿಕ ತೆರಿಗೆ ವಸೂಲು ಮಾಡುತ್ತವೆ. ನಮ್ಮ ಮುಧೋಳದ ನಾಯಿಯಂಥ ತೆಳುಗೂದಲಿನ, ಕೊಬ್ಬಿಲ್ಲದ ಮೈಯ ಪ್ರಾಣಿಗೆ ಬರ್ಲಿನ್ನಿನ ಜನವರಿಯಲ್ಲಿ ಕಂಬಳಿಯಂಗಿ ಶೋಕಿಯಲ್ಲ, ಅವಶ್ಯಕತೆ.

ಮರಳಿ ಬರುವಾಗ ಪರೀಕ್ಷಕರ ಸ್ಥಾನದಲ್ಲಿ ನಾವೇ ಇರುತ್ತೇವೆ. ಕೇಂದ್ರ ಸರ್ಕಾರದ ಪ್ರಾಣಿ ಸಂಗರೋಧ ಕೇಂದ್ರಗಳಿರುವ ದೆಹಲಿ, ಮುಂಬಯಿ, ಕೋಲ್ಕತ್ತ, ಚೆನ್ನೈ, ಹೈದರಾಬಾದ್, ಬೆಂಗಳೂರುಗಳಂಥ ನಿಲ್ದಾಣಗಳಲ್ಲಿ ಇಳಿದ ಪ್ರಾಣಿಯನ್ನು ಅಧಿಕಾರಿ ಪರೀಕ್ಷಿಸಿ, ಲಸಿಕೆಯ ದಾಖಲೆಯನ್ನೂ ಆರೋಗ್ಯಪತ್ರವನ್ನೂ ಚಿಪ್ಪಿನ ಸಂಖ್ಯೆಯೊಡನೆ ತಾಳೆನೋಡಿ ಒಪ್ಪಿಗೆ ಕೊಡುತ್ತಾನೆ. ಪರದೇಶದ ವಾಸ ಮುಗಿಸಿ ನೆಲೆಸಲು ಬರುವವರು ತಮ್ಮೊಡನೆ ಎರಡು ಸಾಕುಪ್ರಾಣಿಗಳನ್ನು ತರಬಹುದು. ಅದಕ್ಕೆ ಹೊರಡುವ ಮೊದಲೇ ಅನುಮತಿ ಪತ್ರ ಪಡೆದಿರಬೇಕು.