ಕಾಯಿಲೆಯಿಲ್ಲದ ರೋಗಿ

1950ರ ದಶಕ ಮುಗಿಯುತ್ತ ಬಂದಿತ್ತು. ನ್ಯೂಯಾರ್ಕಿನಲ್ಲಿ ನರರೋಗ ತಜ್ಞರಾಗಬಯಸಿದ ವೈದ್ಯರಿಗೆ ಪರೀಕ್ಷೆ ಏರ್ಪಾಡಾಗಿತ್ತು. ಅದಕ್ಕೆ ವಾರ್ಡಿನಿಂದ ರೋಗಿಗಳನ್ನು ಒದಗಿಸುವ ಕೆಲಸ ಹೊವರ್ಡ್ ಬ್ಯಾರೋಸ್ ಎಂಬ, ಇನ್ನೂ ತರಬೇತಿಯಲ್ಲಿದ್ದ ಯುವವೈದ್ಯನ ಪಾಲಿಗೆ ಬಂತು. ಬೆನ್ನುಹುರಿಯ ಕಾಯಿಲೆಯಿದ್ದ ಒಬ್ಬಾತ ಅಂದು ಹಲವರ ತಪಾಸಣೆಗೆ ಮೈಯೊಡ್ಡಿದ. ಎಲ್ಲ ಮುಗಿದ ಮೇಲೆ ಅವನು ಬ್ಯಾರೋಸ್‌ಗೆ ಒಂದು ಗುಟ್ಟು ಬಿಟ್ಟುಕೊಟ್ಟ. ಪರೀಕ್ಷೆಗೆ ಬಂದ ವೈದ್ಯನೊಬ್ಬ ತನ್ನನ್ನು ಒರಟಾಗಿ ನಡೆಸಿಕೊಂಡಿದ್ದನಂತೆ. ಅದಕ್ಕೆ ಈತ ಸೇಡು ತೀರಿಸಿಕೊಂಡಿದ್ದ. ಅಂಗಾಲು ಕೆರೆದಾಗ ಹೆಬ್ಬೆರಳು ತಾನಾಗಿ ಮೇಲೇಳುವ ಬಬಿನ್‌ಸ್ಕಿ ಲಕ್ಷಣವನ್ನು ಬೇಕೆಂದೇ ಇನ್ನೊಂದು ಕಾಲಿನಲ್ಲಿ ತೋರಿಸಿದ್ದ. ಸ್ಪರ್ಶ ತಿಳಿಯುವ ಜಾಗ, ತಿಳಿಯದ ಜಾಗಗಳನ್ನೂ ಅದಲುಬದಲು ಮಾಡಿ ಹೇಳಿದ್ದ.

ಬೇರೆ ಯಾರಾದರೂ ಆಗಿದ್ದರೆ ನಕ್ಕು ಮರೆತುಬಿಡುತ್ತಿದ್ದರು. ಬ್ಯಾರೋಸ್ ಮರೆಯಲಿಲ್ಲ. ತಜ್ಞನಾಗಲು ಹೊರಟವನ ಕಣ್ಣಿಗೇ ಮಣ್ಣೆರಚುವಷ್ಟು ಚೆನ್ನಾಗಿ ರೋಗಲಕ್ಷಣವನ್ನು ನಟಿಸಬಹುದು ಎಂಬ ಸಂಗತಿ ಅವನ ಮನಸ್ಸಿನ ಮೂಲೆಯಲ್ಲಿ ಉಳಿದುಕೊಂಡಿತು.

ಅದೇ ನ್ಯೂಯಾರ್ಕಿನಲ್ಲಿ ಅವನನ್ನು ತಟ್ಟಿದ ಇನ್ನೊಂದು ಸಂಗತಿಯಿತ್ತು. ಗೋಲ್ಡ್‌ವಾಟರ್ ಸ್ಮಾರಕ ಆಸ್ಪತ್ರೆಯಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಮೆಡಿಸಿನ್ ಕಲಿಸುತ್ತಿದ್ದ ಡೇವಿಡ್ ಸೀಗಲ್‌ಗೆ ಒಂದು ಹಟವಿತ್ತು. ಪೋಸ್ಟಿಂಗ್‌ಗೆ ಬಂದ ಪ್ರತಿಯೊಬ್ಬ ವಿದ್ಯಾರ್ಥಿ ರೋಗಿಯ ಹಿಸ್ಟರಿ ಕೇಳಿ, ಅಡಿಯಿಂದ ಮುಡಿಯವರೆಗೆ ತಪಾಸಣೆ ಮಾಡುವುದನ್ನು ಪಕ್ಕದಲ್ಲೇ ಕುಳಿತು ನೋಡುತ್ತಿದ್ದ. ಇದರಲ್ಲೇನು ವಿಶೇಷ ಎನಿಸಬಹುದು. ಆದರೆ ಆ ಕಾಲದ ರೂಢಿಯೇ ಬೇರೆ. ವಿದ್ಯಾರ್ಥಿ ಒಬ್ಬನೇ ರೋಗಿಯ ಹಾಸಿಗೆಯ ಬಳಿಗೆ ಹೋಗುತ್ತಿದ್ದ, ಬಂದು ಕೇಸ್ ಒಪ್ಪಿಸುತ್ತಿದ್ದ. ಮಾತಿನ ಮಲ್ಲ ಗೆಲ್ಲುತ್ತಿದ್ದ. ಅವನು ರೋಗಿಯ ಹೊಟ್ಟೆಯನ್ನು ಮುಟ್ಟಿ ನೋಡಿದನೋ ಇಲ್ಲವೋ, ಅಳುತ್ತಿದ್ದವಳಿಗೆ ಒಂದು ಮಾತು ಹೇಳಿದನೋ ಇಲ್ಲವೋ, ಯಾವ ಪ್ರೊಫೆಸರೂ ಕಂಡಿರುತ್ತಿರಲಿಲ್ಲ.

ಬ್ಯಾರೋಸ್ ಲಾಸ್ ಏಂಜಲೀಸಿನ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕನಾದ ಮೇಲೆ ಇದೇ ತೊಡಕು ಅವನಿಗೂ ಎದುರಾಯಿತು, ಜೊತೆಗೆ ಇನ್ನೊಂದೂ. ಎಲ್ಲ ವಿದ್ಯಾರ್ಥಿಗಳನ್ನೂ ಒಂದೇ ಅಳತೆಗೋಲಿನಿಂದ ಅಳೆಯಬೇಕಿತ್ತು. ಆದರೆ ರೋಗಿಗಳು ಒಂದೇ ತೆರನಾಗಿರಲಿಲ್ಲ. ಬೆಳಗ್ಗೆ ನಗುನಗುತ್ತ ಮಾತಾಡಿದವರು ಮಧ್ಯಾಹ್ನದ ಹೊತ್ತಿಗೆ ಸುಸ್ತಾಗುತ್ತಿದ್ದರು. ಒಬ್ಬನಿಗೆ ಸುಲಭದ ಕೇಸ್ ಸಿಕ್ಕರೆ ಇನ್ನೊಬ್ಬನಿಗೆ ತಲೆಬುಡ ತಿಳಿಯದ್ದು. ಆಗ ನ್ಯೂಯಾರ್ಕಿನ ಆ ರೋಗಿ ನೆನಪಾದ. ಕಾಯಿಲೆಯಿದ್ದವನು ಲಕ್ಷಣವನ್ನು ಬದಲಿಸಬಲ್ಲನಾದರೆ, ಕಾಯಿಲೆಯೇ ಇಲ್ಲದವರು ಅದನ್ನು ಕಲಿತು ತೋರಿಸಲಾರರೆ?

1963ರಲ್ಲಿ ಅವನು ಕಲಾವಿದರಿಗೆ ಮಾಡೆಲ್ ಆಗಿ ದುಡಿಯುತ್ತಿದ್ದ ಒಬ್ಬ ಹೆಂಗಸನ್ನು ಒಪ್ಪಿಸಿದ. ಆಕೆಗೆ ಕಟ್ಟಿಕೊಟ್ಟ ಪಾತ್ರ ಮಲ್ಟಿಪಲ್ ಸ್ಕ್ಲಿರೋಸಿಸ್‌ನಿಂದ ಎರಡೂ ಕಾಲು ಸೋತ ರೋಗಿಯದು. ಸುಳ್ಳು ಬಿದ್ದುಹೋಗುವ ಜಾಗಗಳು ಅದರಲ್ಲಿ ಹೆಜ್ಜೆಹೆಜ್ಜೆಗೂ ಇದ್ದವು. ಅಂಗಾಲು ಕೆರೆದರೆ ಹೆಬ್ಬೆರಳು ಕೆಳಕ್ಕೆ ಬಾಗುವುದು ಆರೋಗ್ಯವಂತರ ಸಹಜ ಗುಣ. ಆಕೆ ಅದನ್ನು ಮೀರಿ ಮೇಲಕ್ಕೆತ್ತಬೇಕು. ಸೂಜಿ ಚುಚ್ಚಿದ್ದು ಎಲ್ಲಿಯವರೆಗೆ ತಿಳಿಯುವುದಿಲ್ಲ ಎಂಬುದನ್ನು ನೆನಪಿಟ್ಟು, ಚುಚ್ಚಿದರೂ ಮುಖ ಕಿವುಚದೆ ಮಲಗಿರಬೇಕು. ಅದರ ಜೊತೆಗೆ ಆ ರೋಗಿಯ ಭಯ, ಬೇಸರಗಳನ್ನೂ ಮೈಗೂಡಿಸಿಕೊಳ್ಳಬೇಕು. ಆಕೆ ಎಲ್ಲವನ್ನೂ ಕಲಿತಳು. ಅಷ್ಟೇ ಅಲ್ಲ, ಒಬ್ಬೊಬ್ಬ ವಿದ್ಯಾರ್ಥಿ ಹೊರಹೋದ ಕೂಡಲೇ ಅವನು ಏನೇನು ಕೇಳಿದ, ಏನೇನು ತಪಾಸಣೆ ಮಾಡಿದ, ಹೇಗೆ ನಡೆದುಕೊಂಡ ಎಂಬುದನ್ನು ಒಂದು ಪಟ್ಟಿಯಲ್ಲಿ ಗುರುತು ಹಾಕುತ್ತಿದ್ದಳು. ಪ್ರೊಫೆಸರ್ ಕಾಣದ್ದೆಲ್ಲ ಮೊದಲ ಬಾರಿಗೆ ಬರಹದಲ್ಲಿ ದಾಖಲಾಯಿತು. ಈ ಕತೆಯಲ್ಲಿ ಹೆಚ್ಚಿನ ಮೆಚ್ಚುಗೆ ಸಲ್ಲಬೇಕಾದ್ದು ಆಕೆಗೇ.

1964ರಲ್ಲಿ ಬ್ಯಾರೋಸ್ ಮತ್ತು ಸಹೋದ್ಯೋಗಿ ಸ್ಟೀಫನ್ ಅಬ್ರಹಾಂಸನ್ ಇದನ್ನು ವೈದ್ಯಶಿಕ್ಷಣದ ಪತ್ರಿಕೆಯೊಂದರಲ್ಲಿ ಬರೆದರು. ಹೊಗಳಿಕೆ ಬರಲಿಲ್ಲ, ಗೇಲಿ ಬಂತು. ವೈದ್ಯಕೀಯ ಕಾಲೇಜಿಗೆ ಹಾಲಿವುಡ್ ನುಗ್ಗಿತೆಂದು, ಅರೆಬಟ್ಟೆಯ ಮಾಡೆಲ್‌ಗಳಿಂದ ವಿದ್ಯಾರ್ಥಿಗಳಿಗೆ ಮೋಜಾಗಿದೆಯೆಂದು ದಿನಪತ್ರಿಕೆಗಳು ಬರೆದವು. ವೈದ್ಯಲೋಕವೂ ಮೂಗು ಮುರಿಯಿತು. ಬ್ಯಾರೋಸ್ ಮಾತ್ರ ಪಟ್ಟು ಸಡಿಲಿಸಲಿಲ್ಲ. ಹೊಸ ಹೊಸ ಪಾತ್ರಗಳಿಗೆ ಜನರನ್ನು ತಯಾರು ಮಾಡಿದ, 1971ರಲ್ಲಿ ಇದರ ಬಗ್ಗೆಯೇ ಪುಸ್ತಕ ಬರೆದ, ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯಕ್ಕೆ ಹೋದಾಗಲೂ ಈ ವಿದ್ಯೆಯನ್ನು ಜೊತೆಗೊಯ್ದ.

ಅಷ್ಟರಲ್ಲಿ ಹಳೆಯ ಪದ್ಧತಿಯೇ ಕುಸಿಯತೊಡಗಿತ್ತು. ಒಬ್ಬನೇ ಅಭ್ಯರ್ಥಿಗೆ ಇಬ್ಬರು ಪರೀಕ್ಷಕರು ಕೊಟ್ಟ ಅಂಕಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ ಎಂಬುದನ್ನು ಕಂಡ ಅಮೆರಿಕದ ರಾಷ್ಟ್ರೀಯ ವೈದ್ಯ ಪರೀಕ್ಷಾ ಮಂಡಳಿ 1960ರ ದಶಕದ ಮಧ್ಯಭಾಗದಲ್ಲಿ ರೋಗಿಯ ಎದುರಿನ ಪರೀಕ್ಷೆಯನ್ನೇ ಕೈಬಿಟ್ಟಿತು. ಇಂಟರ್ನಲ್ ಮೆಡಿಸಿನ್ ತಜ್ಞರ ಮಂಡಳಿಯೂ 1972ರಲ್ಲಿ ಅದೇ ದಾರಿ ಹಿಡಿಯಿತು. ಉಳಿದದ್ದು ಬರವಣಿಗೆಯ ಪರೀಕ್ಷೆ. ಅನ್ಯಾಯ ತಪ್ಪಿತು ನಿಜ. ಆದರೆ ಅಭ್ಯರ್ಥಿ ರೋಗಿಯನ್ನು ಮುಟ್ಟಿ ನೋಡಬಲ್ಲನೇ ಎಂದು ತಿಳಿಯುವ ದಾರಿಯೂ ಮುಚ್ಚಿಹೋಯಿತು.

ಗಂಟು ಬಿಚ್ಚಿದ್ದು ಸ್ಕಾಟ್ಲೆಂಡಿನ ಡಂಡಿಯಲ್ಲಿ. ರೊನಾಲ್ಡ್ ಹಾರ್ಡನ್ ಮತ್ತು ಜೊತೆಗಾರರು 1975ರಲ್ಲಿ ಒಂದೇ ದೊಡ್ಡ ಪರೀಕ್ಷೆಯನ್ನು ಹಲವು ಸಣ್ಣ ತಂಗುದಾಣಗಳಾಗಿ ಒಡೆದರು. ನಿಗದಿಯಾದ ಹೊತ್ತು ಮುಗಿದರೆ ವಿದ್ಯಾರ್ಥಿ ಮುಂದಿನದಕ್ಕೆ ಸರಿಯಬೇಕು. ಎಲ್ಲರಿಗೂ ಅದೇ ಕೆಲಸಗಳು, ಅಂಕ ಹಾಕಲು ಅದೇ ಪಟ್ಟಿ. ಇಂದು ವೈದ್ಯ ವಿದ್ಯಾರ್ಥಿಗಳು ಓಸ್ಕಿ ಎಂದು ಕರೆಯುವುದು ಇದನ್ನೇ. ತರಬೇತಾದ ರೋಗಿಗೆ ಅಲ್ಲಿ ಸರಿಯಾದ ಜಾಗ ಸಿಕ್ಕಿತು. 1992ರಲ್ಲಿ ಕೆನಡಾ, 2004ರಲ್ಲಿ ಅಮೆರಿಕ ವೈದ್ಯರ ಪರವಾನಗಿ ಪರೀಕ್ಷೆಯಲ್ಲೇ ಇಂಥ ರೋಗಿಗಳನ್ನು ಕೂರಿಸಿದವು.

ಒಳಗುಟ್ಟು ಸರಳ. ಇಂಥ ಪರೀಕ್ಷೆಯಲ್ಲಿ ಬದಲಾಗುವ ಅಂಶಗಳು ಮೂರು: ರೋಗಿ, ಪರೀಕ್ಷಕ, ವಿದ್ಯಾರ್ಥಿ. ತರಬೇತಾದ ರೋಗಿ ಮೊದಲನೆಯದನ್ನು ಕಟ್ಟಿಹಾಕುತ್ತಾಳೆ, ಮೊದಲೇ ಬರೆದಿಟ್ಟ ಪಟ್ಟಿ ಎರಡನೆಯದನ್ನು. ಆಗ ಅಂಕಗಳಲ್ಲಿ ಕಾಣುವ ಏರಿಳಿತ ಬಹುಮಟ್ಟಿಗೆ ವಿದ್ಯಾರ್ಥಿಯದೇ. ಆದರೆ ಊದಿದ ಗುಲ್ಮವನ್ನಾಗಲೀ ಹೃದಯದ ಕವಾಟದಿಂದ ಹೊಮ್ಮುವ ಮರ್ಮರವನ್ನಾಗಲೀ ಯಾರೂ ನಟಿಸಲಾರರು. ಅವನ್ನು ಗುರುತಿಸುವುದನ್ನು ಕಲಿಯಲು ವಾರ್ಡಿನ ಪೋಸ್ಟಿಂಗ್ ಬೇಕೇ ಬೇಕು.